ಪೆಟ್ರೋಲ್ ಏರಿತು, ಲೆಕ್ಕ ಬರೆಯೋಣ



"ನಮ್ಮನೇಲಿ ಕಾರಿಲ್ಲ, ಲಾರಿಯಿಲ್ಲ. ಪೆಟ್ರೋಲ್ ಏರಿದ್ರೆ ನಮಗೇನು? ಡೀಸೆಲ್ ಏರಿದ್ರೆ ನಮಗೇನು?"

ಹೀಗೆ ಕೆಲವರು ಹೇಳುತ್ತಾರೆ. ಈ ಮಾತು ಸರಿಯೇ? ಪಾಠವನ್ನು ನಿಧಾನವಾಗಿ ಓದಿ. ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. ಆಮೇಲೆ ನೀವೇ ಹೇಳಿ.

ಪೆಟ್ರೋಲ್ ಎಲ್ಲಿಂದ ಬರುತ್ತದೆ?

ನೆಲದ ಆಳದಲ್ಲಿ ಕಪ್ಪು ಎಣ್ಣೆ ಸಿಗುತ್ತದೆ. ಇದಕ್ಕೆ ಕಚ್ಚಾ ತೈಲ ಎನ್ನುತ್ತಾರೆ. ಇದನ್ನು ಕಾಯಿಸಿ, ಬೇರ್ಪಡಿಸಿ, ಶುದ್ಧ ಮಾಡುತ್ತಾರೆ. ಆಗ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಅಡುಗೆ ಗ್ಯಾಸ್ ಸಿಗುತ್ತವೆ. ರಸ್ತೆಗೆ ಹಾಕುವ ಡಾಂಬರು ಕೂಡ ಇದರಿಂದಲೇ ಬರುತ್ತದೆ.

ನಮ್ಮ ದೇಶದಲ್ಲಿ ಈ ತೈಲ ಕಡಿಮೆ. ನಮಗೆ ಬೇಕಾದ 100 ಲೀಟರಿನಲ್ಲಿ 85 ಲೀಟರಿಗೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಇರಾಕ್, ಸೌದಿ ಅರೇಬಿಯಾ, ರಷ್ಯಾ ಮುಂತಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ನಮ್ಮ ಮಂಗಳೂರಿನಲ್ಲೂ ತೈಲ ಶುದ್ಧ ಮಾಡುವ ದೊಡ್ಡ ಕಾರ್ಖಾನೆ ಇದೆ.

ಕಚ್ಚಾ ತೈಲವನ್ನು ಬ್ಯಾರೆಲ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್.

ದರ ಯಾಕೆ ಏರುತ್ತದೆ?

ಒಂದನೆಯ ಕಾರಣ, ಯುದ್ಧ. 1990ರಲ್ಲಿ ಇರಾಕ್ ದೇಶ ಕುವೈತ್ ಮೇಲೆ ದಾಳಿ ಮಾಡಿತು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ದರ ಎರಡರಷ್ಟಾಯಿತು. 2022ರಲ್ಲಿ ರಷ್ಯಾ ಮತ್ತು ಉಕ್ರೇನ್ ನಡುವೆ ಯುದ್ಧ ಶುರುವಾಯಿತು. ಆಗ ಒಂದು ಬ್ಯಾರೆಲ್ ತೈಲದ ದರ 100 ಡಾಲರ್ ದಾಟಿತು. ಎಲ್ಲೋ ದೂರದಲ್ಲಿ ಗುಂಡು ಹಾರಿತು. ನಮ್ಮೂರಿನ ಆಟೋದ ಖರ್ಚು ಏರಿತು.

ಎರಡನೆಯ ಕಾರಣ, ರೂಪಾಯಿಯ ಬೆಲೆ. ತೈಲಕ್ಕೆ ಹೆಚ್ಚಾಗಿ ಡಾಲರಿನಲ್ಲಿ ದುಡ್ಡು ಕೊಡಬೇಕು. ಡಾಲರಿನ ಎದುರು ರೂಪಾಯಿ ಇಳಿದರೆ, ಅಷ್ಟೇ ತೈಲಕ್ಕೆ ಹೆಚ್ಚು ರೂಪಾಯಿ ಬೇಕು.

ಮೂರನೆಯ ಕಾರಣ, ತೆರಿಗೆ. ಪೆಟ್ರೋಲ್, ಡೀಸೆಲ್ ಮೇಲೆ ಕೇಂದ್ರ ಸರ್ಕಾರ ತೆರಿಗೆ ಹಾಕುತ್ತದೆ. ರಾಜ್ಯ ಸರ್ಕಾರವೂ ತೆರಿಗೆ ಹಾಕುತ್ತದೆ. ತೆರಿಗೆ ಇಳಿಸಿದರೆ ದರ ಇಳಿಯುತ್ತದೆ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಲೀಟರ್ ಪೆಟ್ರೋಲಿಗೆ 8 ರೂಪಾಯಿ, ಡೀಸೆಲಿಗೆ 6 ರೂಪಾಯಿ ತೆರಿಗೆ ಇಳಿಸಿತು. ತೆರಿಗೆ ಏರಿಸಿದರೆ ದರ ಏರುತ್ತದೆ. 2025ರ ಏಪ್ರಿಲ್ 1ರಂದು ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ 89 ರೂಪಾಯಿ ಇದ್ದ ಡೀಸೆಲ್ 91 ರೂಪಾಯಿ ಆಯಿತು.

ತೆರಿಗೆಯ ದುಡ್ಡು ಎಲ್ಲಿಗೆ ಹೋಗುತ್ತದೆ? ರಸ್ತೆ, ಶಾಲೆ, ಆಸ್ಪತ್ರೆ, ಸರ್ಕಾರದ ಯೋಜನೆಗಳಿಗೆ ಹೋಗುತ್ತದೆ. ಆದ್ದರಿಂದ ತೆರಿಗೆ ಕೊಡುವ ನಾವು ಅದರ ಲೆಕ್ಕವನ್ನೂ ಕೇಳಬಹುದು.

ದರ ನಮ್ಮ ಮನೆಗೆ ಬರುವ ದಾರಿ

ಉಳುವ ಟ್ರ್ಯಾಕ್ಟರಿಗೆ ಡೀಸೆಲ್ ಬೇಕು. ತರಕಾರಿ ತರುವ ಲಾರಿಗೆ ಡೀಸೆಲ್ ಬೇಕು. ಬಸ್ಸಿಗೆ ಬೇಕು. ಟೆಂಪೋಗೆ ಬೇಕು. ಕೋಲಾರದ ಟೊಮೆಟೊ ಊರೂರಿಗೆ ಹೋಗುವುದು ಲಾರಿಯಲ್ಲಿ. ಲಾರಿ ಬಾಡಿಗೆ ಏರಿದರೆ ಸಂತೆಯಲ್ಲಿ ಟೊಮೆಟೊ ದರವೂ ಏರಬಹುದು.

ನೋಡಿದಿರಾ? ಮನೆಯಲ್ಲಿ ಗಾಡಿ ಇಲ್ಲದಿದ್ದರೂ ಡೀಸೆಲ್ ನಮ್ಮ ಸಾರಿನ ಪಾತ್ರೆಗೆ ಬಂತು.

ಗೌರಮ್ಮನ ಮನೆಯ ಲೆಕ್ಕ

ಈಗ ಒಂದು ಮನೆಯ ಲೆಕ್ಕ ನೋಡೋಣ. ಮಂಡ್ಯದಿಂದ 15 ಕಿಲೋಮೀಟರ್ ದೂರದಲ್ಲಿ ಒಂದು ಹಳ್ಳಿ ಎಂದು ಇಟ್ಟುಕೊಳ್ಳೋಣ. ಆ ಮನೆಯ ಹೆಣ್ಣುಮಗಳ ಹೆಸರು ಗೌರಮ್ಮ ಎಂದು ಇಟ್ಟುಕೊಳ್ಳೋಣ.

ಗೌರಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳ ಕೆಲಸದ ಹೊತ್ತಿಗೆ ಊರಿಗೆ ಬಸ್ಸಿಲ್ಲ. ಆದ್ದರಿಂದ ಟೆಂಪೋದಲ್ಲಿ ಹೋಗುತ್ತಾಳೆ. ತಿಂಗಳಿಗೆ ಇಷ್ಟು ಎಂದು ದುಡ್ಡು ಕೊಡುತ್ತಾಳೆ.

ಗಂಡ ಮಂಡ್ಯದಲ್ಲಿ ಗಾರೆ ಕೆಲಸ ಮಾಡುತ್ತಾನೆ. ಬೈಕಿನಲ್ಲಿ ಹೋಗಿ ಬರುತ್ತಾನೆ. ದಿನಕ್ಕೆ 30 ಕಿಲೋಮೀಟರ್. ತಿಂಗಳಿಗೆ 25 ದಿನ. ಒಟ್ಟು 750 ಕಿಲೋಮೀಟರ್. ಬೈಕು ಲೀಟರಿಗೆ 50 ಕಿಲೋಮೀಟರ್ ಓಡುತ್ತದೆ. ಹಾಗಾದರೆ ತಿಂಗಳಿಗೆ 15 ಲೀಟರ್ ಪೆಟ್ರೋಲ್ ಬೇಕು.

ಮಗಳು ಮಂಡ್ಯದ ಕಾಲೇಜಿನಲ್ಲಿ ಓದುತ್ತಾಳೆ. ದೊಡ್ಡ ರಸ್ತೆಯಿಂದ ಸರ್ಕಾರಿ ಬಸ್ಸು ಇದೆ. ಅಲ್ಲಿ ಅವಳಿಗೆ ದುಡ್ಡಿಲ್ಲ. ಆದರೆ ಊರಿಂದ ದೊಡ್ಡ ರಸ್ತೆಗೆ 3 ಕಿಲೋಮೀಟರ್. ಅಲ್ಲಿಗೆ ಶೇರ್ ಆಟೋ. ಹೋಗಲು 10 ರೂಪಾಯಿ, ಬರಲು 10 ರೂಪಾಯಿ.

ಪೆಟ್ರೋಲ್ ಲೀಟರಿಗೆ 100 ರೂಪಾಯಿ ಇದ್ದಾಗ ತಿಂಗಳ ಖರ್ಚು ಹೀಗಿತ್ತು:

ಗಂಡನ ಬೈಕು: 1500 ರೂಪಾಯಿ
ಗೌರಮ್ಮನ ಟೆಂಪೋ: 1200 ರೂಪಾಯಿ
ಮಗಳ ಆಟೋ: 500 ರೂಪಾಯಿ
ಒಟ್ಟು: 3200 ರೂಪಾಯಿ

ಪೆಟ್ರೋಲ್ 110 ರೂಪಾಯಿ ಆಯಿತು, ಡೀಸೆಲ್ ಕೂಡ ಏರಿತು ಎಂದುಕೊಳ್ಳಿ. ಟೆಂಪೋದವರು 200 ರೂಪಾಯಿ ಏರಿಸಿದರು. ಆಟೋದವರು 10 ರೂಪಾಯಿ ಇದ್ದದ್ದನ್ನು 15 ಮಾಡಿದರು. ಈಗ ಲೆಕ್ಕ ಹೀಗಾಯಿತು:

ಗಂಡನ ಬೈಕು: 1650 ರೂಪಾಯಿ
ಗೌರಮ್ಮನ ಟೆಂಪೋ: 1400 ರೂಪಾಯಿ
ಮಗಳ ಆಟೋ: 750 ರೂಪಾಯಿ
ಒಟ್ಟು: 3800 ರೂಪಾಯಿ

ತಿಂಗಳಿಗೆ 600 ರೂಪಾಯಿ ಹೆಚ್ಚಾಯಿತು.

ಯಾರ ಓಡಾಟ ನಿಲ್ಲಬೇಕು?

ಗಂಡ ಹೇಳಿದ: "ಆಟೋಗೇ ಏಳುನೂರೈವತ್ತು ಆಯ್ತಲ್ಲ! ಮಗಳು ಓದಿದ್ದು ಸಾಕು. ಮನೇಲಿರಲಿ."

ಅತ್ತೆಯೂ ತಲೆ ಆಡಿಸಿದಳು. "ನೀನೂ ಗಾರ್ಮೆಂಟ್ಸ್ ಬಿಟ್ಬುಡವ್ವ. ಟೆಂಪೋ ದುಡ್ಡು ಉಳೀತದೆ."

ಗೌರಮ್ಮ ಸಿಟ್ಟಾಗಲಿಲ್ಲ. ಅಳಲಿಲ್ಲ. ಮಗಳ ನೋಟ್ ಪುಸ್ತಕ ತಂದಳು.

"ಒಸಿ ತಡೀರಿ. ಬಾಯಲ್ಲಿ ಹೇಳಿದ್ರೆ ಲೆಕ್ಕ ಆಗಲ್ಲ. ಬರೆದು ನೋಡಾನ."

ಅವಳು ಕೇಳಿದಳು: "ನಾನು ಕೆಲಸ ಬಿಟ್ರೆ 1400 ಉಳೀತದೆ ನಿಜ. ನನ್ನ ಸಂಬಳ? ಅದೂ ಹೋಗ್ತದಲ್ಲ ಅತ್ತೆ? ಮಗಳು ಓದು ಬಿಟ್ರೆ 750 ಉಳೀತದೆ ನಿಜ. ನಾಳೆ ಅವಳು ದುಡಿಯೋದು ಎಷ್ಟು? ಅದನ್ನೂ ಬರೀಬೇಕಲ್ವಾ?"

ಅತ್ತೆ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: "ಅಪ್ಪ ಮಗಳು ಬೆಳಿಗ್ಗೆ ಹೋಗೋದು ಒಂದೇ ದಾರಿ ಅಲ್ವೇನೋ? ಗಾಡೀಲಿ ಹಿಂದ್ಗಡೆ ಕೂರಿಸ್ಕೊಂಡು ಹೋಗ್ಬಾರ್ದಾ?"

ಇದು ಯಾರಿಗೂ ಹೊಳೆದಿರಲಿಲ್ಲ. ಮಗಳು ಬೆಳಿಗ್ಗೆ ಅಪ್ಪನ ಬೈಕಿನಲ್ಲಿ ದೊಡ್ಡ ರಸ್ತೆವರೆಗೆ ಹೋದಳು. ಅವಳಿಗೂ ಒಂದು ಹೆಲ್ಮೆಟ್ ತಂದರು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಸಂಜೆ ಅಪ್ಪ ಬರುವುದು ತಡ. ಆದ್ದರಿಂದ ಸಂಜೆ ಮಾತ್ರ ಆಟೋ. ಆಟೋ ಖರ್ಚು 750 ಇದ್ದದ್ದು 375 ಆಯಿತು. ಒಟ್ಟು ಖರ್ಚು 3425 ರೂಪಾಯಿಗೆ ಇಳಿಯಿತು. ಯಾರ ಓಡಾಟವೂ ನಿಲ್ಲಲಿಲ್ಲ.

ಖರ್ಚು ಏರಿದಾಗ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಹೆಣ್ಣಿನ ಓಡಾಟ. ಅವಳ ಕೆಲಸ, ಅವಳ ಓದು, ಅವಳು ಆಸ್ಪತ್ರೆಗೆ ಹೋಗುವುದು. ಲೆಕ್ಕ ಬರೆಯದೆ ಹೀಗೆ ನಿಲ್ಲಿಸಬಾರದು. ಮನೆಯ ಎಲ್ಲರ ಓಡಾಟವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಎಲ್ಲರೂ ಕೂತು ನೋಡಿ. ಆಮೇಲೆ ತೀರ್ಮಾನ ಮಾಡಿ.

ಒಂದೇ ದಾರಿ, ಬೇರೆ ಬೇರೆ ಗಾಡಿ

15 ಕಿಲೋಮೀಟರ್ ದಾರಿಗೆ ಎಷ್ಟು ಎಣ್ಣೆ ಬೇಕು? ಅಂದಾಜು ಲೆಕ್ಕ ಇಲ್ಲಿದೆ.

ಕಾರು ಲೀಟರಿಗೆ 15 ಕಿಲೋಮೀಟರ್ ಓಡಿದರೆ, 1 ಲೀಟರ್ ಬೇಕು. ಒಬ್ಬರೇ ಕೂತರೆ ಇಡೀ ಲೀಟರ್ ಒಬ್ಬರಿಗೇ.

ಬೈಕು ಲೀಟರಿಗೆ 50 ಕಿಲೋಮೀಟರ್ ಓಡಿದರೆ, 300 ಮಿಲಿ ಲೀಟರ್ ಬೇಕು. ಇಬ್ಬರು ಕೂತರೆ ತಲೆಗೆ 150 ಮಿಲಿ ಲೀಟರ್.

ಬಸ್ಸು ಲೀಟರಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಹಾಗಾದರೆ 3 ಲೀಟರ್ ಬೇಕು. ಆದರೆ ಬಸ್ಸಿನಲ್ಲಿ 50 ಜನ ಇರುತ್ತಾರೆ. ತಲೆಗೆ 60 ಮಿಲಿ ಲೀಟರ್ ಮಾತ್ರ!

ನೋಡಲು ಬಸ್ಸು ದೊಡ್ಡದು. ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರಿಗೆ ಬೀಳುವ ಎಣ್ಣೆ ಚಿಕ್ಕದು. ಪೆಟ್ರೋಲ್ ದರ ಏರಿದಾಗ ಬಹಳ ಜನ ಗಾಡಿ ಬಿಟ್ಟು ಬಸ್ಸು ಹತ್ತಲು ನೋಡುತ್ತಾರೆ. ಒಂದೇ ಕಡೆ ಹೋಗುವವರು ಒಂದೇ ಗಾಡಿಯಲ್ಲಿ ಹೋಗುತ್ತಾರೆ. ಸಂತೆ, ಬ್ಯಾಂಕು, ಔಷಧಿ ಅಂಗಡಿ, ಎಲ್ಲ ಕೆಲಸವನ್ನೂ ಒಂದೇ ದಿನ ಮುಗಿಸಿಕೊಂಡು ಬರುತ್ತಾರೆ.

ಗಾಡಿ ಇರುವವರೂ ಎಣ್ಣೆ ಉಳಿಸಬಹುದು. ಟಯರಿಗೆ ಸರಿಯಾಗಿ ಗಾಳಿ ಹಾಕಿಸಬೇಕು. ಸಿಗ್ನಲಿನಲ್ಲಿ, ರೈಲ್ವೆ ಗೇಟಿನಲ್ಲಿ ಇಂಜಿನ್ ಆರಿಸಬೇಕು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಎಣ್ಣೆ ಉಳಿಯುತ್ತದೆ. ಜೀವವೂ ಉಳಿಯುತ್ತದೆ.

ಈಗ ಕರೆಂಟಿನಲ್ಲಿ ಓಡುವ ಸ್ಕೂಟರ್, ಆಟೋ, ಬಸ್ಸುಗಳೂ ಬಂದಿವೆ. ಇವಕ್ಕೆ ಪೆಟ್ರೋಲ್ ಬೇಡ. ದಿನದ ಖರ್ಚು ಕಡಿಮೆ. ಆದರೆ ಕೊಳ್ಳುವಾಗ ದೊಡ್ಡ ಮೊತ್ತ ಬೇಕು. ಸಾಲ ಮಾಡುವ ಮುಂಚೆ ಕಂತು ಎಷ್ಟು, ಉಳಿತಾಯ ಎಷ್ಟು ಎಂದು ಬರೆದು ನೋಡಿ.

ಬಸ್ಸು ನಮ್ಮ ಶಕ್ತಿ

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳು ರಾಜ್ಯದ ಒಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡು ಕೊಡದೆ ಹೋಗಬಹುದು. ಏಸಿ ಬಸ್ಸು, ಸ್ಲೀಪರ್ ಬಸ್ಸುಗಳಿಗೆ ಇದು ಇಲ್ಲ. ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟನ್ನು ಇಳಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ನಮಗೆ ಟಿಕೆಟ್ ದುಡ್ಡು ಇಲ್ಲ. ಹಾಗೆಂದು ಬಸ್ಸು ಪುಕ್ಕಟೆ ಓಡುತ್ತದೆಯೇ? ಇಲ್ಲ. ಆ ದುಡ್ಡನ್ನು ಸರ್ಕಾರ ಬಸ್ ನಿಗಮಗಳಿಗೆ ಕೊಡಬೇಕು. ಡೀಸೆಲ್ ಏರಿದರೆ ನಿಗಮದ ಖರ್ಚು ಏರುತ್ತದೆ. 2025ರ ಜನವರಿ 5ರಿಂದ ರಾಜ್ಯದಲ್ಲಿ ಬಸ್ ದರ ನೂರಕ್ಕೆ 15ರಷ್ಟು ಏರಿತು. 100 ರೂಪಾಯಿ ಟಿಕೆಟ್ 115 ರೂಪಾಯಿ ಆಯಿತು. ಡೀಸೆಲ್ ಮತ್ತು ಸಂಬಳದ ಖರ್ಚು ಹೆಚ್ಚಿದ್ದೇ ಕಾರಣ ಎಂದು ಸರ್ಕಾರ ಹೇಳಿತು. ನಾವು ದುಡ್ಡು ಕೊಡದಿದ್ದರೂ ನಮ್ಮ ಮನೆಯ ಗಂಡಸರು ಕೊಡುತ್ತಾರೆ.

ಇನ್ನೊಂದು ಮಾತು. ಊರಿಗೆ ಬಸ್ಸೇ ಬರದಿದ್ದರೆ ಶೂನ್ಯ ಟಿಕೆಟಿನಿಂದ ಏನು ಉಪಯೋಗ? ಕೆಲಸದ ಹೊತ್ತಿಗೆ ಬಸ್ಸು ಬಂದರೆ ಗೌರಮ್ಮನ ಟೆಂಪೋ ದುಡ್ಡು 1400 ಉಳಿಯುತ್ತದೆ. ಮಗಳ ಸಂಜೆಯ ಆಟೋ ದುಡ್ಡು 375 ಉಳಿಯುತ್ತದೆ. ಬಸ್ಸು ಬೇಕು ಎಂದು ಕೇಳುವುದು ಹೇಗೆ? ಬರೆದು ಕೇಳಬೇಕು. ನಮಗೀಗ ಬರೆಯಲು ಬರುತ್ತದೆ!

ಅರ್ಜಿಯ ಮಾದರಿ

ದಿನಾಂಕ: ________

ಇವರಿಗೆ,
ಘಟಕ ವ್ಯವಸ್ಥಾಪಕರು,
ಬಸ್ ಡಿಪೋ, ________

ಮಾನ್ಯರೇ,

ವಿಷಯ: ನಮ್ಮ ಊರಿಗೆ ಬಸ್ಸು ಬೇಕೆಂದು ಮನವಿ.

ನಾವು ________ ಗ್ರಾಮದ ಹೆಣ್ಣುಮಕ್ಕಳು. ನಮ್ಮ ಊರಿಂದ ದಿನವೂ ________ ಜನ ಕೆಲಸಕ್ಕೆ, ________ ಜನ ಶಾಲೆ ಕಾಲೇಜಿಗೆ ಹೋಗುತ್ತೇವೆ. ಬೆಳಿಗ್ಗೆ ________ ಗಂಟೆಗೆ ಮತ್ತು ಸಂಜೆ ________ ಗಂಟೆಗೆ ನಮ್ಮ ಊರಿಗೆ ಬಸ್ಸು ಇಲ್ಲ. ಟೆಂಪೋ, ಆಟೋ ದರ ಏರಿದೆ. ನಮಗೆ ಕಷ್ಟವಾಗಿದೆ. ದಯವಿಟ್ಟು ಈ ಹೊತ್ತಿಗೆ ಬಸ್ಸು ಬಿಡಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಎಷ್ಟು ಜನ ಹೋಗುತ್ತೀರಿ ಎಂದು ಎಣಿಸಿ ಬರೆಯಿರಿ. ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಿ. ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕಚೇರಿಯಲ್ಲಿ ಅದರ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ.

ಪದಗಳ ಅರ್ಥ

ಕಚ್ಚಾ ತೈಲ: ನೆಲದಿಂದ ತೆಗೆದ, ಶುದ್ಧ ಮಾಡದ ಎಣ್ಣೆ
ತೆರಿಗೆ: ಸರ್ಕಾರಕ್ಕೆ ಕೊಡಬೇಕಾದ ಹಣ
ಶೂನ್ಯ: ಸೊನ್ನೆ
ನಿಗಮ: ಸರ್ಕಾರದ ಕೆಲಸ ನಡೆಸುವ ಸಂಸ್ಥೆ
ಮನವಿ: ಕೇಳಿಕೆ

ಮಾತಾಡಿ, ಬರೆಯಿರಿ

1. "ನಮ್ಮನೇಲಿ ಗಾಡಿ ಇಲ್ಲ, ಡೀಸೆಲ್ ಏರಿದ್ರೆ ನಮಗೇನು?" ಈ ಮಾತಿಗೆ ನಿಮ್ಮ ಉತ್ತರ ಏನು?

2. ನಿಮ್ಮ ಮನೆಯಲ್ಲಿ ಯಾರು ಯಾರು ಎಲ್ಲಿಗೆ ಹೋಗುತ್ತಾರೆ? ತಿಂಗಳಿಗೆ ಎಷ್ಟು ಖರ್ಚು? ಒಂದು ಹಾಳೆಯಲ್ಲಿ ಬರೆಯಿರಿ.

3. ಗೌರಮ್ಮನ ಊರಿಗೆ ಬಸ್ಸು ಬಂತು. ಮಗಳು ಎರಡು ಹೊತ್ತೂ ಬಸ್ಸಿನಲ್ಲಿ ಹೋದಳು. ಗಂಡನೂ ಪಕ್ಕದ ಮನೆಯವನೂ ಒಂದು ವಾರ ಇವನ ಬೈಕು, ಒಂದು ವಾರ ಅವನ ಬೈಕು ಎಂದು ಜೊತೆಯಾಗಿ ಹೋದರು. ಈಗ ಗೌರಮ್ಮನ ಮನೆಯ ತಿಂಗಳ ಓಡಾಟದ ಖರ್ಚು ಎಷ್ಟು?

4. ಪೆಟ್ರೋಲ್, ಡೀಸೆಲ್ ದರ ಇಳಿದಾಗ ಟೆಂಪೋ, ಆಟೋ ದರವೂ ಇಳಿಯಿತೇ? ನಿಮ್ಮ ಊರಿನಲ್ಲಿ ವಿಚಾರಿಸಿ.

5. ಮೇಲಿನ ಅರ್ಜಿಯನ್ನು ನಿಮ್ಮ ಊರಿನ ಹೆಸರು ಹಾಕಿ, ಅಂದವಾಗಿ ಬರೆಯಿರಿ.