ಜಾಲತಾಣಗಳ ರಾಜಮುದ್ರೆ

ಬಸವಕಲ್ಯಾಣದ ಸಮೀಪದಲ್ಲಿರುವ ನಾರಾಯಣಪುರವು ಚಾಲುಕ್ಯರ ಕಾಲದ ಶಿವಾಲಯಕ್ಕೆ ಹೆಸರಾದ ಗ್ರಾಮ. ಅಲ್ಲಿಯ ರೈತನೊಬ್ಬನು ತನ್ನ ಹೊಲದ ಪಹಣಿಯನ್ನು ನೋಡಲೆಂದು ಮೊಬೈಲಿನಲ್ಲಿ ಕಂದಾಯ ಇಲಾಖೆಯ ‘ಭೂಮಿ’ ತಾಣವನ್ನು ತೆರೆಯುತ್ತಾನೆಂದು ಭಾವಿಸೋಣ. ಅವನ ಕೋರಿಕೆಯು ರೇಡಿಯೋ ಅಲೆಗಳಾಗಿ ಹತ್ತಿರದ ಗೋಪುರವನ್ನು ಸೇರಿ, ಅಲ್ಲಿಂದ ಗಾಜಿನ ಎಳೆಗಳಲ್ಲಿ ಬೆಳಕಿನ ಮಿಡಿತಗಳಾಗಿ ಹರಿದು, ಅನೇಕ ಯಂತ್ರಗಳನ್ನು ದಾಟಿ ದೂರದ ಗಣಕವನ್ನು ಮುಟ್ಟುವುದು. ಉತ್ತರವೂ ಹಾಗೆಯೇ ಮರಳುವುದು. ಈ ದಾರಿಯಲ್ಲಿರುವ ಯಾವ ಯಂತ್ರವೂ ರೈತನ ಸ್ವಾಧೀನದಲ್ಲಿಲ್ಲ. ಬರಿಯ ಪಹಣಿಯ ಮಾತಾದರೆ ಅಷ್ಟು ಚಿಂತೆಯಿಲ್ಲ. ಆದರೆ ಇದೇ ದಾರಿಯಲ್ಲಿ ಬ್ಯಾಂಕಿನ ಪಾಸ್‌ವರ್ಡೂ ಸಾಲದ ಲೆಕ್ಕವೂ ಸಾಗುತ್ತವೆ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ನಮ್ಮ ಮಾತನ್ನು ನಡುದಾರಿಯವರು ಓದದಂತೆ ಮಾಡುವುದು ಹೇಗೆ? ಆಚೆಯ ತುದಿಯಲ್ಲಿ ಉತ್ತರ ಕೊಡುತ್ತಿರುವವನು ಯಾರು? ಮೊದಲನೆಯದೇ ಕಠಿನವೆಂದು ತೋರುವುದು ಸಹಜ. ವಾಸ್ತವವಾಗಿ ತೊಡಕಿರುವುದು ಎರಡನೆಯದರಲ್ಲಿ.

ಹಿಂದೆಂದೂ ಸಂಧಿಸದ ಇಬ್ಬರು, ಎಲ್ಲರಿಗೂ ಕೇಳಿಸುವಂತೆ ಕೆಲವು ಸಂಖ್ಯೆಗಳನ್ನು ಪರಸ್ಪರ ಹೇಳಿಕೊಂಡು, ಕೇಳುತ್ತಿರುವವರಾರಿಗೂ ಎಟುಕದ ರಹಸ್ಯಸಂಖ್ಯೆಯೊಂದನ್ನು ತಮ್ಮೊಳಗೆ ಗೊತ್ತುಮಾಡಿಕೊಳ್ಳಬಹುದೆಂಬುದನ್ನು 1976ರಲ್ಲಿ ಡಿಫೀ ಮತ್ತು ಹೆಲ್ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಆ ಸಂಖ್ಯೆಯನ್ನೇ ಬೀಗದಕೈಯಾಗಿಸಿ ಮುಂದಿನ ಮಾತನ್ನೆಲ್ಲ ಗೂಢಲಿಪಿಗೆ ತಿರುಗಿಸಬಹುದು. ತಾಣದ ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಮೊದಲಾಗುವಲ್ಲೆಲ್ಲ ಇಂಥ ಏರ್ಪಾಡು ನಡೆದಿರುತ್ತದೆ. ಆದರೆ ನಡುದಾರಿಯ ವಂಚಕನು ರೈತನೆದುರಿಗೆ ಇಲಾಖೆಯ ವೇಷವನ್ನೂ ಇಲಾಖೆಯೆದುರಿಗೆ ರೈತನ ವೇಷವನ್ನೂ ಹಾಕಿ, ಎರಡು ಕಡೆಯೂ ಬೇರೆ ಬೇರೆ ರಹಸ್ಯಸಂಖ್ಯೆಗಳನ್ನು ಗೊತ್ತುಮಾಡಿಕೊಂಡರೆ ಗತಿಯೇನು? ಗೂಢಲಿಪಿಯೇನೋ ಅಭೇದ್ಯವಾಗಿಯೇ ಇರುವುದು. ಅದನ್ನು ನಾವು ಬರೆದುಕೊಟ್ಟದ್ದು ಮಾತ್ರ ಕಳ್ಳನಿಗೆ!

ಬರೆದವನು ಯಾರೆಂಬ ಈ ಸಂಶಯ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರನು ಅಲ್ಲಿಯೇ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯಲ್ಲಿ ಭೂದಾನದ ಶಾಸನ ಹೇಗಿರಬೇಕೆಂಬ ವಿಧಿಯುಂಟು. ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಅರಸನು ತನ್ನ ವಂಶವನ್ನೂ ತನ್ನ ಹೆಸರನ್ನೂ ದಾನದ ಪ್ರಮಾಣವನ್ನೂ ಎಲ್ಲೆಗಳನ್ನೂ ಬರೆಯಿಸಿ, ಕಾಲವನ್ನು ಕಾಣಿಸಿ, ಕೈಬರಹವನ್ನೂ ಮುದ್ರೆಯನ್ನೂ ಹಾಕಬೇಕು. ಜಾಲತಾಣದ ಪ್ರಮಾಣಪತ್ರವೂ, ಎಂದರೆ ಸರ್ಟಿಫಿಕೇಟೂ, ಹೆಚ್ಚುಕಡಿಮೆ ಇದೇ ಅಂಗಗಳುಳ್ಳದ್ದು: ತಾಣದ ಹೆಸರು, ಪತ್ರ ಕೊಟ್ಟ ಸಂಸ್ಥೆಯ ಹೆಸರು, ಎಂದಿನಿಂದ ಎಂದಿನವರೆಗೆ ಊರ್ಜಿತ, ತಾಣದ ಬಹಿರಂಗ ಬೀಗದಕೈ, ಕೊನೆಗೆ ಕೊಟ್ಟವರ ಮುದ್ರೆ.

ಇಷ್ಟು ವಿಧಿಗಳಿದ್ದೂ ಹಿಂದೆ ಕೂಟಶಾಸನಗಳು ಹುಟ್ಟದೆ ಇರಲಿಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೃತಕವೆಂದು ಫ್ಲೀಟರು ವಾದಿಸಿದುದನ್ನು ಶಾಸನಾಭ್ಯಾಸಿಗಳು ಬಲ್ಲರು. ಚಾಲುಕ್ಯರ ವರಾಹಮುದ್ರೆಯು ಎಲ್ಲ ಶಾಸನಗಳ ಮೇಲೂ ಒಂದೇ ಬಗೆಯದು; ಕುಶಲನಾದ ಕಂಚುಗಾರನು ಒಂದನ್ನು ಕಂಡರೆ ಇನ್ನೊಂದನ್ನು ಎರಕ ಹೊಯ್ಯಬಲ್ಲನು. ಗಣಿತದ ಮುದ್ರೆಯು ಹಾಗಲ್ಲ. ಅದು ಪತ್ರದ ಬರಹಕ್ಕೆ ತಕ್ಕಂತೆ ಬೇರೆ ಬೇರೆಯಾಗುವುದರಿಂದ, ಒಂದರಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ.

ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಹಿಡಿದ ಕ್ರಮವನ್ನು ಸಣ್ಣ ಸಂಖ್ಯೆಗಳಿಂದ ಪರೀಕ್ಷಿಸಿ ನೋಡೋಣ. ವಾಚಕರು ಕಾಗದ ಪೆನ್ಸಿಲ್ ಹಿಡಿದು ಕುಳಿತರೆ ಒಳ್ಳೆಯದು. 3 ಮತ್ತು 11 ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ 33. ಪ್ರತಿಯೊಂದರಿಂದಲೂ ಒಂದನ್ನು ಕಳೆದು ಗುಣಿಸಿದರೆ 20. ಈಗ, ತಮ್ಮ ಗುಣಲಬ್ಧವನ್ನು 20ರಿಂದ ಭಾಗಿಸಿದಾಗ ಶೇಷ 1 ಬರುವಂಥ ಎರಡು ಸಂಖ್ಯೆಗಳನ್ನು ಆರಿಸಬೇಕು. 3 ಮತ್ತು 7 ಅಂಥವು. 33 ಮತ್ತು 3ನ್ನು ಮುದ್ರಾಧಿಕಾರಿಯು ಊರಿಗೆಲ್ಲ ಸಾರುವನು, 7ನ್ನು ಮುಚ್ಚಿಡುವನು. ಪತ್ರದ ಬರಹವನ್ನು ಒಂದು ಗೊತ್ತಾದ ಕ್ರಮದಿಂದ ಅರೆದು ತೆಗೆದ ಸಾರಸಂಖ್ಯೆ 4 ಎಂದಿಟ್ಟುಕೊಳ್ಳೋಣ. 4ರ ಏಳನೆಯ ಘಾತ 16384; ಅದನ್ನು 33ರಿಂದ ಭಾಗಿಸಿದರೆ ಉಳಿಯುವ 16 ಎಂಬುದೇ ಮುದ್ರೆ. ಅದನ್ನು ಪರೀಕ್ಷಿಸುವವನು 16ರ ಘನವಾದ 4096ನ್ನು 33ರಿಂದ ಭಾಗಿಸಲಿ, ಶೇಷ 4. ಸಾರಸಂಖ್ಯೆಗೆ ಇದು ಹೊಂದಿಕೆಯಾಯಿತು. ಯಾರಾದರೂ ಬರಹವನ್ನು ತಿದ್ದಿ ಸಾರಸಂಖ್ಯೆ 5 ಆಗಿದ್ದರೆ ಮೋಸವು ಅಲ್ಲಿಯೇ ಹೊರಬೀಳುತ್ತಿತ್ತು.

7ನ್ನು ಕಂಡುಹಿಡಿಯಬೇಕಾದರೆ 20 ಗೊತ್ತಿರಬೇಕು. 20 ಗೊತ್ತಾಗಬೇಕಾದರೆ 33ನ್ನು ಒಡೆಯಬೇಕು. ಇದು ಬಾಲಕನಿಗೂ ಸಾಧ್ಯ. ಆದರೆ ವ್ಯವಹಾರದಲ್ಲಿ ಬಳಸುವ 2048 ಬಿಟ್ಟುಗಳ ಸಂಖ್ಯೆಗೆ ದಶಮಾನದಲ್ಲಿ 617 ಅಂಕಿಗಳು. ಇದೇ ಬಗೆಯ 250 ಅಂಕಿಗಳ ಸಂಖ್ಯೆಯೊಂದನ್ನು 2020ರಲ್ಲಿ ಒಡೆಯಲು ಹಿಡಿದ ಶ್ರಮವು, ಒಂದೇ ಗಣಕತಿರುಳು ಹಗಲಿರುಳೂ ದುಡಿದರೆ ಸುಮಾರು 2700 ವರ್ಷಗಳಾಗುವಷ್ಟಿತ್ತು. ಅಂಕಿಗಳು ಹೆಚ್ಚಿದಂತೆ ಈ ಶ್ರಮವು ಅತಿವೇಗವಾಗಿ ಬೆಳೆಯುತ್ತದೆ.

ಗಣಿತದ ಕೋಟೆ ಭದ್ರವಾಗಿದೆ. ಬಾಗಿಲಲ್ಲಿರುವವರು ಮನುಷ್ಯರು. ಮುದ್ರಾಧಿಕಾರಿಯ ಬಹಿರಂಗ ಸಂಖ್ಯೆ ನಿಜವಾದದ್ದೆಂದು ಹೇಳುವವರಾರು? ಮೂಲ ಮುದ್ರಾಧಿಕಾರಿಗಳ ಪಟ್ಟಿಯೊಂದು ನಮ್ಮ ಫೋನಿನಲ್ಲೋ ಬ್ರೌಸರಿನಲ್ಲೋ ಮೊದಲೇ ತುಂಬಿ ಬಂದಿರುತ್ತದೆ. ಅವರು ತಮ್ಮ ಕೆಳಗಿನ ಮಧ್ಯವರ್ತಿಗಳಿಗೆ ಮುದ್ರೆಯೊತ್ತುವರು, ಮಧ್ಯವರ್ತಿಗಳು ತಾಣಗಳಿಗೆ. ನಾವು ಆರಿಸದ, ಹೆಸರನ್ನೂ ಕೇಳದ ಸಂಸ್ಥೆಗಳ ಮೇಲೆ ನಮ್ಮ ಹಣಕಾಸೆಲ್ಲ ನಿಂತಿದೆಯೆಂಬುದನ್ನು ಓದುಗರು ಗಮನಿಸಬೇಕು.

ಈ ಸರಪಣಿ ನಮ್ಮ ದೇಶದಲ್ಲಿಯೇ ಒಮ್ಮೆ ಕಳಚಿತು. 2000ದ ಮಾಹಿತಿ ತಂತ್ರಜ್ಞಾನ ಶಾಸನದಂತೆ ಭಾರತ ಸರ್ಕಾರವು ಪ್ರಮಾಣಪತ್ರ ಸಂಸ್ಥೆಗಳ ಮೇಲೆ ಒಬ್ಬ ನಿಯಂತ್ರಕರನ್ನು ನೇಮಿಸಿದೆ. ಅವರ ಮೂಲಮುದ್ರೆಯು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಸೇರಿತ್ತು. ಅದರ ಕೆಳಗೆ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಪತ್ರಗಳನ್ನು ಕೊಡುತ್ತಿತ್ತು. ಗೂಗಲ್ಲಿನ ಹಲವು ತಾಣಗಳ ಹೆಸರಿನಲ್ಲಿ, ಗೂಗಲ್ ಕೇಳದೆಯೇ, ಆ ಕೇಂದ್ರದ ಮುದ್ರೆಯುಳ್ಳ ಪತ್ರಗಳು ಹೊರಟಿರುವುದು 2014ರ ಜುಲೈ 2ರಂದು ಗೂಗಲ್ಲಿನ ಗಮನಕ್ಕೆ ಬಂದಿತು. ಮರುದಿನವೇ ನಿಯಂತ್ರಕರು ಮಧ್ಯವರ್ತಿ ಪತ್ರಗಳನ್ನು ರದ್ದುಮಾಡಿದರು. ಕೇಂದ್ರದ ಪತ್ರ ಕೊಡುವ ವ್ಯವಸ್ಥೆಗೇ ಭಂಗ ಬಂದಿತ್ತೆಂದೂ ಅಕ್ರಮ ಪತ್ರಗಳು ನಾಲ್ಕೇ ಎಂದೂ ಅವರು ತಿಳಿಸಿದರು. ಇನ್ನೂ ಬೇರೆಯವು ತನಗೆ ಗೊತ್ತಿವೆಯೆಂದು ಗೂಗಲ್ ಹೇಳಿತು. ಆಮೇಲೆ ಕ್ರೋಮ್ ಬ್ರೌಸರು ಆ ಮೂಲಮುದ್ರೆಯನ್ನು ಕೆಲವು ಭಾರತೀಯ ಹೆಸರುಗಳಿಗೆ ಮಾತ್ರ ಮಾನ್ಯವೆಂದು ಕುಗ್ಗಿಸಿತು. ಯಾರೂ 617 ಅಂಕಿಗಳನ್ನು ಒಡೆದಿರಲಿಲ್ಲ. ಅರಮನೆಯ ಒಳಗಿದ್ದ ಉಂಗುರವೇ ಪರರ ಕೈಗೆ ಸಿಕ್ಕಂತಾಯಿತು.

ಇಂಥ ಪ್ರಸಂಗಗಳಿಂದ ಹುಟ್ಟಿದ ಏರ್ಪಾಡು ಮೆಚ್ಚತಕ್ಕದ್ದು. ಕೊಟ್ಟ ಪತ್ರಗಳನ್ನು ಯಾರು ಬೇಕಾದರೂ ನೋಡಬಹುದಾದ, ಬರೆದುದನ್ನು ಅಳಿಸಲಾಗದ ಬಹಿರಂಗ ದಫ್ತರದಲ್ಲಿ ದಾಖಲಿಸಬೇಕೆಂದು ಕ್ರೋಮ್ 2018ರ ಏಪ್ರಿಲ್ ಕೊನೆಯಿಂದ ಕಡ್ಡಾಯಮಾಡಿತು. ತನ್ನ ಹೆಸರಿನಲ್ಲಿ ಪರರು ಪತ್ರ ಪಡೆದರೆ ಒಡೆಯನು ಅಲ್ಲಿ ಕಂಡುಕೊಳ್ಳಬಹುದು.

ಮುದ್ರೆಯ ಅರ್ಥವನ್ನು ಅದಕ್ಕಿರುವುದಕ್ಕಿಂತ ಹಿಗ್ಗಿಸಿಕೊಳ್ಳುವುದೂ ಅಪಾಯವೇ. ಸಾಮಾನ್ಯ ಪತ್ರವು ‘ಈ ಹೆಸರು ಈತನ ಕೈಯಲ್ಲಿದೆ’ ಎಂದು ಮಾತ್ರ ಸಾಕ್ಷಿ ನುಡಿಯುವುದು. ‘ಈತನು ಪ್ರಾಮಾಣಿಕ’ ಎಂದಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ತಿದ್ದಿದ ಹೆಸರನ್ನು ಕೊಂಡ ಮೋಸಗಾರನೂ ಅದಕ್ಕೆ ಕ್ರಮಬದ್ಧವಾದ ಪತ್ರವನ್ನು ಪಡೆಯಬಲ್ಲನು. ಬೀಗದ ಚಿಹ್ನೆಯನ್ನು ಜನರು ತಪ್ಪಾಗಿ ತಿಳಿಯುವರೆಂಬ ಕಾರಣದಿಂದಲೇ ಕ್ರೋಮ್ 2023ರಲ್ಲಿ ಅದನ್ನು ವಿಳಾಸಪಟ್ಟಿಯಿಂದ ತೆಗೆದುಹಾಕಿತು. ವಿಳಾಸದಲ್ಲಿ ಮೊದಲ ಓರೆಗೆರೆಯ ಹಿಂದಿರುವ ಹೆಸರನ್ನು ಬಲದಿಂದ ಎಡಕ್ಕೆ ಓದುವ ಅಭ್ಯಾಸ ಲೇಸು. ಒಡೆತನವು ಕೊನೆಯ ಭಾಗಗಳಲ್ಲಿದೆ. ಪತ್ರ ಸರಿಯಿಲ್ಲವೆಂದು ಬ್ರೌಸರು ಎಚ್ಚರಿಸಿದಾಗ ಮೊದಲು ಫೋನಿನ ದಿನಾಂಕವನ್ನು ನೋಡಬೇಕು, ಅದು ತಪ್ಪಿದ್ದರೂ ಎಚ್ಚರಿಕೆ ಬರುವುದುಂಟು. ದಿನಾಂಕ ಸರಿಯಿದ್ದರೆ ಆ ತಾಣದಲ್ಲಿ ಪಾಸ್‌ವರ್ಡು ಕೊಡಕೂಡದು.

ಶಾಲೆಗಳೂ ಸಹಕಾರಿ ಸಂಘಗಳೂ ತಮ್ಮ ತಾಣಕ್ಕೆ ಪತ್ರ ಪಡೆಯಲು ಹಣ ತೆರಬೇಕಾಗಿಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ವ್ಯವಸ್ಥೆಯು 2015ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಉಚಿತವಾಗಿ ಪತ್ರಗಳನ್ನು ಕೊಡುತ್ತಿದೆ. ಅದು ಹೇಳಿದ ಗುರುತನ್ನು ತಾಣದಲ್ಲಿ ಇಟ್ಟು ತೋರಿಸಿದರೆ ಒಡೆತನ ಸ್ಥಿರಪಡುವುದು. ಪತ್ರದ ಆಯುಸ್ಸು ಮಾತ್ರ ಕುಗ್ಗುತ್ತ ಬರುತ್ತಿದೆ: 2025ರ ಏಪ್ರಿಲ್‌ನಲ್ಲಿ ಆದ ನಿರ್ಣಯದಂತೆ 2029ರ ಮಾರ್ಚ್ ವೇಳೆಗೆ ಯಾವ ತಾಣದ ಪತ್ರವೂ 47 ದಿನಗಳನ್ನು ಮೀರಕೂಡದು. ಆದಕಾರಣ ನವೀಕರಣವನ್ನು ಗುಮಾಸ್ತರ ನೆನಪಿಗೆ ಬಿಡದೆ ಗಣಕಕ್ಕೇ ವಹಿಸಬೇಕು. ರಹಸ್ಯಸಂಖ್ಯೆಯುಳ್ಳ ಕಡತವನ್ನು ಮಿಂಚಂಚೆಯಲ್ಲಿ ಯಾರಿಗೂ ಕಳುಹಿಸಕೂಡದು.