ಯು.ಎಸ್.ಬಿ. ಹಬ್ಬನ್ನು ಕೊಳ್ಳುವವರಿಗೆ ಒಂದು ವಸ್ತುಪಾಠ

ಹೋದ ವರ್ಷದ ಮಳೆಗಾಲದಲ್ಲಿ, ಈ ಸ್ಮರಣ ಸಂಚಿಕೆಗಾಗಿ, ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರನೇಕರು ತಮ್ಮ ಪೆಟ್ಟಿಗೆಗಳಲ್ಲಿ ಜೋಪಾನವಾಗಿಟ್ಟುಕೊಂಡಿದ್ದ ಛಾಯಾಚಿತ್ರಗಳನ್ನು ನಮ್ಮನ್ನು ನಂಬಿ ಕೊಟ್ಟರು. ಅವುಗಳನ್ನು ಸ್ಕ್ಯಾನರಿನ ಮೂಲಕ ಪ್ರತಿಮಾಡಿ, ಮೂಲ ಚಿತ್ರಗಳನ್ನು ಒಡತಿಯರಿಗೆ ಹಿಂದಿರುಗಿಸಿ, ಪ್ರತಿಗಳನ್ನು ಒಂದು ಹಾರ್ಡ್ ಡಿಸ್ಕಿನಲ್ಲಿ ಸಂಗ್ರಹಿಸಿಡಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಕಛೇರಿಯ ಲ್ಯಾಪ್‌ಟಾಪಿಗೆ ಯು.ಎಸ್.ಬಿ. ಪೋರ್ಟುಗಳೆಂಬ ಕಿಂಡಿಗಳು ಎರಡೇ ಇದ್ದವು. ಕೂಡಿಸಬೇಕಾದ ಸಾಧನಗಳಾದರೋ ನಾಲ್ಕು: ಸ್ಕ್ಯಾನರು, ಹಾರ್ಡ್ ಡಿಸ್ಕು, ಮೌಸು, ಪೆನ್ ಡ್ರೈವು. ಆದಕಾರಣ ಪೇಟೆಯಿಂದ ನಾಲ್ಕು ಕಿಂಡಿಗಳುಳ್ಳ ಚಿಕ್ಕದೊಂದು ಹಬ್ಬನ್ನು ತರಿಸಿ, ನಾಲ್ಕನ್ನೂ ಅದಕ್ಕೇ ಚುಚ್ಚಿ ಕೆಲಸವನ್ನು ಆರಂಭಿಸಿದೆವು.

ಮೂರು ದಿವಸ ಕೆಲಸವು ಸುಗಮವಾಗಿ ಸಾಗಿತು. ನಾಲ್ಕನೆಯ ದಿವಸ ಡಿಸ್ಕಿನೊಳಗಿಂದ ಟಕ್ ಟಕ್ ಎಂಬ ಸಣ್ಣ ಶಬ್ದವು ಕೇಳಿಸಿತು. ಪರದೆಯ ಮೇಲಿಂದ ಅದರ ಹೆಸರು ಮಾಯವಾಯಿತು, ತಿರುಗಿ ಬಂದಿತು, ತಿರುಗಿ ಹೋಯಿತು. ತಂತಿಯು ಸಡಿಲವಾಗಿರಬಹುದೆಂದು ನಾವು ಅದನ್ನು ಬಿಗಿಯಾಗಿ ಒತ್ತಿ ಮುಂದುವರಿಸಿದೆವು. ಆ ಸಾಯಂಕಾಲ ಡಿಸ್ಕನ್ನು ತೆರೆಯಹೋದಾಗ ಅದು ಓದತಕ್ಕ ಸ್ಥಿತಿಯಲ್ಲಿರಲಿಲ್ಲ. ತಿಳಿದವರಿಗೆ ತೋರಿಸಿ ಬಹಳ ಪ್ರಯತ್ನಪಟ್ಟ ತರುವಾಯವೂ, ಮುನ್ನೂರಕ್ಕೆ ಮೇಲ್ಪಟ್ಟ ಚಿತ್ರಗಳಲ್ಲಿ ಸುಮಾರು ನೂರ ನಲವತ್ತು ಚಿತ್ರಗಳು ದೊರೆಯದೆ ಹೋದವು.

ಅಂಗಡಿಯವನನ್ನು ದೂರುವುದು ನ್ಯಾಯವಲ್ಲ. ನಾವು ಕೇಳಿದ್ದನ್ನೇ ಆತನು ಕೊಟ್ಟನು. ಏನನ್ನು ಕೇಳಬೇಕೆಂಬುದು ನಮಗೆ ತಿಳಿದಿರಲಿಲ್ಲ, ಅಷ್ಟೇ. ಈಗ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ತಂದೆತಾಯಿಗಳು ಕೊಂಡುಕೊಡುವ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಒಂದೋ ಎರಡೋ ಕಿಂಡಿಗಳು ಮಾತ್ರ ಇರುವುದು ಸಾಮಾನ್ಯವಾಗಿದೆ. ಎಂಥ ಹಬ್ಬನ್ನು ಕೊಳ್ಳಬೇಕೆಂದು ನಮ್ಮನ್ನು ಕೇಳಿದ ಪೋಷಕರೂ ಇದ್ದಾರೆ. ಆದುದರಿಂದ ನಾವು ತಡವಾಗಿ ಕಲಿತ ಪಾಠವನ್ನು ಇಲ್ಲಿ ಬರೆದಿಡುತ್ತೇವೆ.

ಮೊದಲು ಹೆಸರಿನ ವಿಷಯ. ಹಬ್ಬು ಎಂದರೆ ಗಾಲಿಯ ನಾಭಿ. ಅರಗಳೆಲ್ಲವೂ ಬಂದು ಕೂಡುವ ಸ್ಥಳ. (ನಮ್ಮ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು "ಆಫೀಸಿಗೆ ಹಬ್ಬ ಬಂದಿದೆಯಂತೆ, ರಜೆ ಯಾವಾಗ?" ಎಂದು ಕೇಳಿದಳು.) ಯು.ಎಸ್.ಬಿ. ಎಂಬುದು ಯೂನಿವರ್ಸಲ್ ಸೀರಿಯಲ್ ಬಸ್ ಎಂಬ ಹೆಸರಿನ ಸಂಕ್ಷೇಪ. ಹಿಂದೆ ಕೀಲಿಮಣೆಗೆ ದುಂಡನೆಯ ಕೊಂಡಿ, ಪ್ರಿಂಟರಿಗೆ ೨೫ ಮೊನೆಗಳ ಅಗಲವಾದ ಕೊಂಡಿ, ಹೀಗೆ ಒಂದೊಂದು ಸಾಧನಕ್ಕೆ ಒಂದೊಂದು ಜಾತಿಯ ಕೊಂಡಿ ಇರುತ್ತಿತ್ತು. ಇವೆಲ್ಲಕ್ಕೂ ಬದಲಾಗಿ ಒಂದೇ ಬಗೆಯ ಕಿಂಡಿಯಿರಬೇಕೆಂದು ಹಲವು ಕಂಪೆನಿಗಳು ಕೂಡಿ ಮಾಡಿಕೊಂಡ ನಿಯಮಾವಳಿಯು ೧೯೯೬ರಲ್ಲಿ ಪ್ರಕಟವಾಯಿತು. ಆ ಕಾರ್ಯದಲ್ಲಿ ಮುಂದಾಳಾಗಿದ್ದವರಲ್ಲಿ, ವಡೋದರೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೇರಿಕದ ಇಂಟೆಲ್ ಕಂಪೆನಿಯನ್ನು ಸೇರಿದ ಶ್ರೀ ಅಜಯ್ ಭಟ್ಟರು ಒಬ್ಬರು. ೨೦೧೩ರಲ್ಲಿ ಅವರಿಗೆ ಯುರೋಪಿಯನ್ ಇನ್ವೆಂಟರ್ ಅವಾರ್ಡ್ ದೊರೆಯಿತು.

ಆ ನಿಯಮಾವಳಿಯ ಪ್ರಕಾರ ಒಂದು ಮೂಲಕ್ಕೆ ಹಬ್ಬುಗಳ ಸಹಾಯದಿಂದ ೧೨೭ ಸಾಧನಗಳ ವರೆಗೆ ಕೂಡಿಸಬಹುದು. ಇದನ್ನು ಕೇಳಿ ಹಬ್ಬೆಂಬುದು ಅಕ್ಷಯ ಪಾತ್ರೆಯೆಂದು ಭ್ರಮಿಸುವವರುಂಟು, ನಾವೂ ಭ್ರಮಿಸಿದ್ದೆವು. ಹಬ್ಬು ಬಾಗಿಲುಗಳನ್ನು ಹೆಚ್ಚಿಸುತ್ತದೆಯೇ ಹೊರತು ದಾರಿಯನ್ನು ಹೆಚ್ಚಿಸುವುದಿಲ್ಲ. ಸಾಯಂಕಾಲ ಗಂಟೆ ಹೊಡೆದಾಗ ನಾಲ್ಕು ತರಗತಿಗಳ ಬಾಗಿಲುಗಳೂ ಒಮ್ಮೆಗೇ ತೆರೆಯುತ್ತವೆ. ಆದರೆ ಹುಡುಗಿಯರೆಲ್ಲರೂ ಹೊರಗೆ ಹೋಗತಕ್ಕದ್ದು ಒಂದೇ ಗೇಟಿನಿಂದ. ಹಬ್ಬಿನಿಂದ ಲ್ಯಾಪ್‌ಟಾಪಿಗೆ ಹೋಗುವ ಒಂದೇ ತಂತಿಯು ಆ ಗೇಟು.

ಆ ಗೇಟಿನ ಅಗಲವು ಎಷ್ಟೆಂದು ಕೊಳ್ಳುವಾಗ ನೋಡಬೇಕು. ೨೦೦೦ದಲ್ಲಿ ಬಂದ ಯು.ಎಸ್.ಬಿ. ೨.೦ ಎಂಬ ಜಾತಿಗೆ ಸೆಕೆಂಡಿಗೆ ೪೮೦ ಮೆಗಾಬಿಟ್ಟು. ೨೦೦೮ರಲ್ಲಿ ಬಂದ ೩.೦ಕ್ಕೆ ೫ ಗಿಗಾಬಿಟ್ಟು, ಅಂದರೆ ಹತ್ತು ಪಟ್ಟಿಗೂ ಮಿಗಿಲು. ತರುವಾಯದವುಗಳಿಗೆ ೧೦, ೨೦, ೪೦ ಹೀಗೆ. ಮೌಸು, ಕೀಲಿಮಣೆ, ಸಾಧಾರಣ ಪ್ರಿಂಟರುಗಳಿಗೆ ೨.೦ ಧಾರಾಳವಾಗಿ ಸಾಕು. ಚಿತ್ರಗಳನ್ನೋ ಚಲನಚಿತ್ರಗಳನ್ನೋ ಡಿಸ್ಕಿಗೆ ತುಂಬುವವರು ೫ ಗಿಗಾಬಿಟ್ಟಿಗೆ ಕಡಿಮೆಯಾದುದನ್ನು ಕೊಳ್ಳಬಾರದು. ಇಲ್ಲಿ ವ್ಯಾಪಾರದ ಒಂದು ಮಾಯೆಯನ್ನು ಹೇಳಬೇಕು. ಪೆಟ್ಟಿಗೆಯ ಮೇಲೆ ೩.೦ ಎಂದೂ, ೩.೧ ಜೆನ್ ೧ ಎಂದೂ, ೩.೨ ಜೆನ್ ೧ ಎಂದೂ ಬರೆದಿರುವುದನ್ನು ಕಂಡು ಕೊನೆಯದೇ ಶ್ರೇಷ್ಠವೆಂದು ಹೆಚ್ಚು ಹಣ ಕೊಡುವವರಿದ್ದಾರೆ. ಹೆಸರು ಮೂರು, ವೇಗ ಒಂದೇ, ಅದೇ ೫ ಗಿಗಾಬಿಟ್ಟು. ಆದುದರಿಂದ ಹೆಸರನ್ನು ಬಿಟ್ಟು ಗಿಗಾಬಿಟ್ಟಿನ ಅಂಕಿಯನ್ನೇ ಕೇಳತಕ್ಕದ್ದು. ಲ್ಯಾಪ್‌ಟಾಪಿನ ಕಿಂಡಿಯು ೨.೦ ಆಗಿದ್ದರೆ ಎಷ್ಟು ಬೆಲೆಯುಳ್ಳ ಹಬ್ಬನ್ನು ತಂದರೂ ೪೮೦ಕ್ಕಿಂತ ಹೆಚ್ಚು ಓಡುವುದಿಲ್ಲವೆಂಬುದನ್ನೂ ಮರೆಯಬಾರದು.

ಇನ್ನು ನಮ್ಮನ್ನು ಕೆಡಿಸಿದ ವಿಷಯಕ್ಕೆ ಬರುತ್ತೇವೆ. ಯು.ಎಸ್.ಬಿ. ತಂತಿಯಲ್ಲಿ ವರ್ತಮಾನ ಮಾತ್ರವಲ್ಲ, ವಿದ್ಯುತ್ತೂ ಹರಿಯುತ್ತದೆ. ನಮ್ಮ ವಸತಿಗೃಹದಲ್ಲಿದ್ದವರಿಗೆ ಬಚ್ಚಲುಮನೆಯ ಸಾಲು ನಲ್ಲಿಗಳ ನೆನಪು ಇದ್ದೇ ಇರುವುದು. ಒಬ್ಬಳು ತಿರುಗಿಸಿದರೆ ನೀರು ಧಾರೆಯಾಗಿ ಬೀಳುತ್ತಿತ್ತು; ನಾಲ್ವರು ತಿರುಗಿಸಿದರೆ ನೂಲಿನಂತೆ; ಅಷ್ಟರಲ್ಲಿ ಅಡಿಗೆಮನೆಯಲ್ಲಿ ಹಂಡೆಗೆ ನೀರು ಬಿಟ್ಟರಂತೂ ಸೋಪು ಹಚ್ಚಿಕೊಂಡ ಮುಖಗಳು ಹಾಗೆಯೇ ನಿಲ್ಲಬೇಕು. ಹಬ್ಬಿನಲ್ಲಿಯೂ ಹೀಗೆಯೇ.

೨.೦ ಜಾತಿಯ ಕಿಂಡಿಯೊಂದು ೫ ವೋಲ್ಟಿನಲ್ಲಿ ೫೦೦ ಮಿಲಿ ಆಂಪಿಯರನ್ನು ಕೊಡಬೇಕೆಂದು ನಿಯಮ. ಲ್ಯಾಪ್‌ಟಾಪಿನಿಂದಲೇ ವಿದ್ಯುತ್ತನ್ನು ಪಡೆಯುವ ನಾಲ್ಕು ಕಿಂಡಿಗಳ ಹಬ್ಬು ಇದರಲ್ಲಿ ತನ್ನ ಪಾಲಿಗೆ ೧೦೦ನ್ನು ಇಟ್ಟುಕೊಂಡು, ಒಂದೊಂದು ಕಿಂಡಿಗೆ ನೂರು ನೂರರಂತೆ ಹಂಚತಕ್ಕದ್ದು. ೩.೦ ಜಾತಿಯ ಕಿಂಡಿಯಾದರೆ ಒಟ್ಟು ೯೦೦. ನಮ್ಮ ಲ್ಯಾಪ್‌ಟಾಪಿನದು ಈ ಎರಡನೆಯ ಜಾತಿ. ಅನಾಹುತವು ನಡೆದ ಮೇಲೆ, ಕನ್ನಡಕವನ್ನು ಏರಿಸಿಕೊಂಡು ಪ್ರತಿಯೊಂದು ಸಾಧನದ ತಳದಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿ ಕೂಡಿಸಿದೆವು. ಹಾರ್ಡ್ ಡಿಸ್ಕಿಗೆ ೯೦೦, ಸ್ಕ್ಯಾನರಿಗೆ ೫೦೦, ಪೆನ್ ಡ್ರೈವಿಗೆ ೨೦೦, ಮೌಸಿಗೆ ೧೦೦. ಒಟ್ಟು ೧೭೦೦ ಮಿಲಿ ಆಂಪಿಯರು. ಬರುವ ಸಂಬಳ ೯೦೦, ಮಾಡುವ ಖರ್ಚು ೧೭೦೦! ಐದನೆಯ ತರಗತಿಯ ಮಗುವು ಮಾಡಬಲ್ಲ ಲೆಕ್ಕವನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾವು ಮಾಡಿರಲಿಲ್ಲ.

ಮೂರು ದಿವಸ ಅದು ನಡೆದದ್ದು ಹೇಗೆಂದು ಕೇಳಬಹುದು. ಸಾಧನಗಳು ತಮ್ಮ ಪೂರ್ಣ ಪಾಲನ್ನು ಸದಾಕಾಲ ಎಳೆಯುವುದಿಲ್ಲ. ಡಿಸ್ಕಿನ ಬಿಲ್ಲೆಯು ನಿಂತಲ್ಲಿಂದ ತಿರುಗಲಾರಂಭಿಸುವ ಕ್ಷಣದಲ್ಲಿಯೂ, ಸ್ಕ್ಯಾನರಿನ ದೀಪವು ಹೊತ್ತಿಕೊಂಡು ಚಲಿಸುವಾಗಲೂ ಹಸಿವು ಹೆಚ್ಚು. ಇವೆರಡೂ ಒಂದೇ ಸಮಯಕ್ಕೆ ಬಂದಾಗ ವೋಲ್ಟು ಕುಸಿಯುತ್ತದೆ; ಬರೆಯುತ್ತಿದ್ದ ಡಿಸ್ಕು ಅರ್ಧಾಕ್ಷರದಲ್ಲಿ ನಿಲ್ಲುತ್ತದೆ. ಆ ಟಕ್ ಟಕ್ ಶಬ್ದವು ಅದೇ ಆಗಿತ್ತು. ಅಂಥ ಶಬ್ದವು ಕೇಳಿಬಂದ ಕೂಡಲೆ ಕೆಲಸವನ್ನು ನಿಲ್ಲಿಸಿ ಡಿಸ್ಕನ್ನು ಬೇರ್ಪಡಿಸಬೇಕೇ ವಿನಾ ನಮ್ಮಂತೆ ಒತ್ತಿ ಮುಂದುವರಿಸಬಾರದು.

ಇದಕ್ಕೆ ಪರಿಹಾರಗಳೆರಡು. ಒಂದಕ್ಕೆ ಕಾಸು ಖರ್ಚಿಲ್ಲ: ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿನ ಸ್ವಂತ ಕಿಂಡಿಗೇ ಕೂಡಿಸಿ, ಮೌಸು, ಕೀಲಿಮಣೆ, ಪೆನ್ ಡ್ರೈವು ಮೊದಲಾದ ಅಲ್ಪಾಹಾರಿಗಳನ್ನು ಮಾತ್ರ ಹಬ್ಬಿಗೆ ಬಿಡುವುದು. ನಮ್ಮ ಲ್ಯಾಪ್‌ಟಾಪಿನ ಎರಡನೆಯ ಕಿಂಡಿಯು ಆ ನಾಲ್ಕು ದಿವಸವೂ ಬರಿದಾಗಿಯೇ ಇತ್ತೆಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಎರಡನೆಯದು, ಗೋಡೆಯ ಪ್ಲಗ್ಗಿನಿಂದ ತನ್ನದೇ ಅಡಾಪ್ಟರಿನ ಮೂಲಕ ವಿದ್ಯುತ್ತನ್ನು ಪಡೆಯುವ ಹಬ್ಬನ್ನು ಕೊಳ್ಳುವುದು. ಅಡಾಪ್ಟರಿನ ಮೇಲೆ ೫ ವೋಲ್ಟು ೪ ಆಂಪಿಯರು ಎಂದಿದ್ದರೆ ಒಟ್ಟು ೨೦ ವಾಟು. ಎರಡು ಡಿಸ್ಕುಗಳಿಗೂ ಒಂದು ಸ್ಕ್ಯಾನರಿಗೂ ಅದು ಸಾಕು. ೫ ವೋಲ್ಟು ೧ ಆಂಪಿಯರಿನ ಅಡಾಪ್ಟರನ್ನು ಜೊತೆಗಿಟ್ಟು ಏಳು ಕಿಂಡಿಗಳ ಹಬ್ಬನ್ನು ಮಾರುವುದು ಮಾತ್ರ ಹಾಸ್ಯಾಸ್ಪದವು. ಅಡಾಪ್ಟರಿನ ಮೇಲೆ ಬಿ.ಐ.ಎಸ್. ಗುರುತೂ, ಆರ್ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯೂ ಇರತಕ್ಕದ್ದು. ಹಬ್ಬುಗಳ ಬೆಲೆಯು ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರಗಳ ವರೆಗೆ ಇರುವುದರಿಂದ, ಮೌಸು ಮತ್ತು ಪೆನ್ ಡ್ರೈವು ಬಿಟ್ಟು ಬೇರೇನೂ ಇಲ್ಲದ ವಿದ್ಯಾರ್ಥಿನಿಗೆ ಈ ದೊಡ್ಡ ಹಬ್ಬು ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ.

ಹೊಸ ಲ್ಯಾಪ್‌ಟಾಪುಗಳಲ್ಲಿ ಟೈಪ್-ಸಿ ಎಂಬ, ಎರಡು ತುದಿಗಳೂ ದುಂಡಗಾದ ಚಿಕ್ಕ ಕಿಂಡಿ ಇರುತ್ತದೆ. ೨೦೧೪ರಲ್ಲಿ ಬಂದ ಈ ಕಿಂಡಿಗೆ ಮೇಲು ಕೆಳಗೆಂಬ ಭೇದವಿಲ್ಲ. ಆದರೆ ಮುಖ ಒಂದೇ ಆದರೂ ಗುಣ ಒಂದೇ ಅಲ್ಲ. ಒಂದು ಕಿಂಡಿ ವರ್ತಮಾನವನ್ನು ಮಾತ್ರ ಸಾಗಿಸುವುದು. ಮತ್ತೊಂದು ಚಿತ್ರವನ್ನೂ ಪರದೆಗೆ ಕಳುಹಿಸುವುದು. ಇನ್ನೊಂದು ಲ್ಯಾಪ್‌ಟಾಪಿನ ಬ್ಯಾಟರಿಯನ್ನು ತುಂಬಿಸಿಕೊಳ್ಳುವುದು. ಈಗ ಅಧ್ಯಾಪಕಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಪ್ರೊಜೆಕ್ಟರಿಗೆಂದು ಎಚ್.ಡಿ.ಎಂ.ಐ. ಕಿಂಡಿಯುಳ್ಳ ಹಬ್ಬನ್ನು ಕೊಂಡು, ತರಗತಿ ತುಂಬ ಮಕ್ಕಳು ಕುಳಿತಿರುವಾಗ ಕೂಡಿಸಿದರೆ ಗೋಡೆಯ ಮೇಲೆ ಏನೂ ಬರಲಿಲ್ಲ. ಹಬ್ಬಿನಲ್ಲಿ ದೋಷವಿರಲಿಲ್ಲ, ಅವರ ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಶಕ್ತಿಯೇ ಇರಲಿಲ್ಲ. ಕಿಂಡಿಯ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರಗಳು ಹೆಣೆದುಕೊಂಡಿರುವ ಗುರುತೋ, ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ನಿಶ್ಚಿಂತೆ. ಗುರುತಿಲ್ಲದಿದ್ದರೆ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ನೋಡಿದ ಹೊರತು ಹಣವನ್ನು ಕೊಡಬೇಡಿರಿ.

ಹಬ್ಬಿನ ಮೂಲಕವೇ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ತುಂಬಿಸಬೇಕೆಂದಿರುವವರು ಇನ್ನೊಂದು ಲೆಕ್ಕವನ್ನು ಮಾಡಬೇಕು. ೧೦೦ ವಾಟು ಎಂದು ಬರೆದಿರುವ ಹಬ್ಬು ತನಗೂ ತನ್ನ ಕಿಂಡಿಗಳಿಗೂ ೧೦ ಅಥವಾ ೧೫ ವಾಟನ್ನು ಹಿಡಿದುಕೊಂಡು ಉಳಿದುದನ್ನು ಮುಂದಕ್ಕೆ ಬಿಡುವುದು ರೂಢಿ. ೬೫ ವಾಟಿನ ಚಾರ್ಜರನ್ನು ಅದಕ್ಕೆ ಕೂಡಿಸಿದರೆ ಲ್ಯಾಪ್‌ಟಾಪಿಗೆ ೫೦ರಷ್ಟೇ ಉಳಿಯಬಹುದು.

ಕೆಲವು ಚಿಕ್ಕ ವಿಷಯಗಳು. ೩.೦ ಹಬ್ಬುಗಳು ೨.೪ ಗಿಗಾಹರ್ಟ್ಸಿನ ಅಲೆಗಳಿಗೆ ಗದ್ದಲವನ್ನುಂಟುಮಾಡುತ್ತವೆಂದು ೨೦೧೨ರಲ್ಲಿ ಇಂಟೆಲ್ ಕಂಪೆನಿಯವರೇ ಪ್ರಕಟಿಸಿದರು; ತಂತಿಯಿಲ್ಲದ ಮೌಸು ತಡವರಿಸಿದರೆ ಅದರ ಪುಟ್ಟ ಗ್ರಾಹಕವನ್ನು ಹಬ್ಬಿನಿಂದ ತೆಗೆದು ಲ್ಯಾಪ್‌ಟಾಪಿನ ಮತ್ತೊಂದು ಪಕ್ಕದ ಕಿಂಡಿಗೆ ಹಾಕಿ ನೋಡಬೇಕು. ಇಂಟರ್ನೆಟ್ಟಿನ ತಂತಿಗೂ ಕಿಂಡಿ ಬೇಕಾಗಿದ್ದರೆ ೧೦೦ ಮೆಗಾಬಿಟ್ಟಿನದನ್ನು ಬಿಟ್ಟು ೧೦೦೦ದ್ದನ್ನು ಕೇಳಿರಿ. ಹಬ್ಬಿಗೆ ಮತ್ತೊಂದು ಹಬ್ಬನ್ನು ಜೋತುಹಾಕುವ ಅಭ್ಯಾಸವು ಒಳ್ಳೆಯದಲ್ಲ. ಇಂದು ಬೇಕಾದುದಕ್ಕಿಂತ ಒಂದು ಕಿಂಡಿ ಹೆಚ್ಚಿದ್ದರೆ ಸಾಕು. ಲೋಹದ ಹೊದಿಕೆಯ ಹಬ್ಬು ಕೈಗೆ ಬೆಚ್ಚಗೆ ತಗಲುವುದಕ್ಕೆ ಹೆದರಬೇಕಾದುದಿಲ್ಲ. ಶಾಖವು ಹೊರಗೆ ಹೋಗುವುದಕ್ಕಾಗಿಯೇ ಆ ಹೊದಿಕೆ.

ಈ ಎಲ್ಲಾ ವಿಚಾರಗಳು ತಿಳಿದ ಮೇಲೆ ಕಛೇರಿಗೆ ಸ್ವಂತ ಅಡಾಪ್ಟರಿನ ಹಬ್ಬು ಬಂದಿದೆ. ಪ್ರತಿಯೊಂದು ಚಿತ್ರವನ್ನೂ ಈಗ ಎರಡು ಡಿಸ್ಕುಗಳಲ್ಲಿ ಬರೆದು, ಒಂದನ್ನು ಕಛೇರಿಯ ಕಪಾಟಿನಲ್ಲಿಯೂ ಮತ್ತೊಂದನ್ನು ಬೇರೊಂದು ಕಟ್ಟಡದಲ್ಲಿಯೂ ಇಡುತ್ತೇವೆ. ಕಳೆದುಹೋದ ನೂರ ನಲವತ್ತರಲ್ಲಿ ತೊಂಬತ್ತಕ್ಕೆ ಮೇಲ್ಪಟ್ಟವುಗಳನ್ನು ಒಡತಿಯರು ಎರಡನೆಯ ಸಲ ಕಳುಹಿಸಿಕೊಟ್ಟರು, ಒಬ್ಬರೂ ಗೊಣಗಲಿಲ್ಲ. ಆದರೆ ೧೯೫೦ರ ದಶಕದಲ್ಲಿ ನಮ್ಮಲ್ಲಿ ಓದಿದ ಒಬ್ಬ ಅಮ್ಮನವರು, ಬೇವಿನ ಮರದ ಕೆಳಗೆ ತಮ್ಮ ತರಗತಿಯವರೆಲ್ಲ ಬರಿಗಾಲಿನಲ್ಲಿ ಸಾಲಾಗಿ ನಿಂತ ಚಿತ್ರವನ್ನು ತಾವೇ ಬಂದು ಕೊಟ್ಟು, ತಾವೇ ಬಂದು ಹಿಂದಕ್ಕೆ ಕೊಂಡುಹೋಗಿದ್ದರು. ನಾವು ಎರಡನೆಯ ಸಲ ಕೇಳಿ ಕಳುಹಿಸುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮನೆಯವರು ಎಷ್ಟು ಹುಡುಕಿದರೂ ಆ ಚಿತ್ರವು ಸಿಕ್ಕಿಲ್ಲ. ಆ ಸಾಲಿನಲ್ಲಿ ನಿಂತವರಲ್ಲಿ ಯಾರೊಬ್ಬರ ಮನೆಯಲ್ಲಿಯಾದರೂ ಇನ್ನೊಂದು ಪ್ರತಿಯು ಇರಬಹುದು. ಇದನ್ನು ಓದುವ ಮಕ್ಕಳೂ ಮೊಮ್ಮಕ್ಕಳೂ ದಯವಿಟ್ಟು ತಮ್ಮ ಹಳೆಯ ಪೆಟ್ಟಿಗೆಗಳನ್ನು ಒಂದು ಸಲ ತೆರೆದು ನೋಡಬೇಕಾಗಿ ಬೇಡಿಕೊಳ್ಳುತ್ತೇವೆ. ಅಂಚೆಯಲ್ಲಿ ಕಳುಹಿಸುವುದು ಬೇಡ. ತಿಳಿಸಿದರೆ ನಾವೇ ಬಂದು ಪ್ರತಿಮಾಡಿಕೊಳ್ಳುತ್ತೇವೆ.