ಪುಟದ ಲೆಕ್ಕ, ವೈರಿನ ಲೆಕ್ಕ

ಮನೆಗೊಂದು ಪ್ರಿಂಟರ್ ತಗೊಳ್ಳಬೇಕು, ಯಾವುದು ಒಳ್ಳೇದು ಎಂದು ಕೇಳಿಕೊಂಡು ಬಂದವರಿಗೆ ನಾನು ಕಂಪನಿಯ ಹೆಸರು ಹೇಳುವುದಿಲ್ಲ. ತಿಂಗಳಿಗೆ ಎಷ್ಟು ಪುಟ ಪ್ರಿಂಟ್ ಹಾಕಿಸುತ್ತೀರಿ ಎಂದು ಕೇಳುತ್ತೇನೆ. ಬಹಳ ಮಂದಿಯ ಬಳಿ ಈ ಲೆಕ್ಕ ಇರುವುದಿಲ್ಲ. ಝೆರಾಕ್ಸ್ ಅಂಗಡಿಗೆ ಹತ್ತು, ಇಪ್ಪತ್ತು ಎಂದು ಕೊಡುವ ಚಿಲ್ಲರೆಯನ್ನು ಯಾರೂ ಬರೆದಿಡುವುದಿಲ್ಲ. ಆದರೆ ಇಡೀ ತೀರ್ಮಾನ ನಿಂತಿರುವುದು ಆ ಸಂಖ್ಯೆಯ ಮೇಲೆ.

ಅಂಗಡಿಯಲ್ಲಿ ಒಂದು ಪ್ರಿಂಟಿಗೆ 5 ರೂಪಾಯಿ ಎಂದು ಇಟ್ಟುಕೊಳ್ಳಿ. ಮನೆಯಲ್ಲಿ ಕಪ್ಪು-ಬಿಳುಪಿನ ಲೇಸರ್ ಪ್ರಿಂಟರ್, ನೆಟ್‌ವರ್ಕ್ ಪೋರ್ಟ್ ಇರುವಂಥದ್ದು, 18,000 ರೂಪಾಯಿಗೆ ಬಂತು ಎನ್ನೋಣ. ಟೋನರ್ 6,000 ರೂಪಾಯಿ, ಅದರಿಂದ 3,000 ಪುಟ. ಅಂದರೆ ಪುಟಕ್ಕೆ 2 ರೂಪಾಯಿ. ಐನೂರು ಹಾಳೆಯ ಒಂದು ರೀಮ್ 300 ರೂಪಾಯಿ ಎಂದರೆ ಹಾಳೆಗೆ 60 ಪೈಸೆ. ಒಟ್ಟು 2 ರೂಪಾಯಿ 60 ಪೈಸೆ, ಉಳಿತಾಯ 2 ರೂಪಾಯಿ 40 ಪೈಸೆ. ತಿಂಗಳಿಗೆ 200 ಪುಟ ಹಾಕುವ ಮನೆಯಲ್ಲಿ 480 ರೂಪಾಯಿ ಉಳಿಯುತ್ತದೆ, ಹಾಕಿದ ದುಡ್ಡು ಮೂರು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ವಾಪಸು ಬರುತ್ತದೆ. ತಿಂಗಳಿಗೆ 30 ಪುಟ ಹಾಕುವವರಿಗೆ ಉಳಿಯುವುದು 72 ರೂಪಾಯಿ. ಅವರ ದುಡ್ಡು ಹುಟ್ಟಲು ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ಯಾವ ಪ್ರಿಂಟರೂ ಬಾಳುವುದಿಲ್ಲ. ಅವರು ಕೊಳ್ಳಬಾರದು, ಅಷ್ಟೇ. ಈ ಮಾತನ್ನು ಅಂಗಡಿಯವರು ಹೇಳುವುದಿಲ್ಲ, ಅದಕ್ಕೇ ಮೊದಲು ನಾನು ಹೇಳುತ್ತೇನೆ.

ನಮ್ಮ ಮನೆಯ ಲೆಕ್ಕ 200ರ ಹತ್ತಿರ ಬರುತ್ತದೆ. ನಾವಿರುವುದು ರಾಣೇಬೆನ್ನೂರು ತಾಲ್ಲೂಕಿನ ಐರಣಿಯಲ್ಲಿ, ತುಂಗಭದ್ರೆಯ ದಂಡೆಗೆ. ಹೆಂಡತಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ವಾರದ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಕು. ನಾನು ಸ್ವಸಹಾಯ ಸಂಘಗಳ ಜಮಾಖರ್ಚು ಬರೆದುಕೊಡುತ್ತೇನೆ. ಇದರ ಮೇಲೆ ರೈತರ ಕಾಗದಪತ್ರ. ಮುಂಗಾರಿನ ಬೆಳೆವಿಮೆಗೆ ಸಾಮಾನ್ಯವಾಗಿ ಜುಲೈ ಕೊನೆಯೇ ಗಡುವು. ಆ ವಾರ ಬಾಗಿಲು ಹಾಕುವಂತೆಯೇ ಇಲ್ಲ. ‘ಕಾಕಾ, ಪಹಣಿ ತಗದು ಕೊಡ್ರಿ, ನಾಳಿ ಬ್ಯಾಂಕಿಗೆ ಹೋಗ್ಬೇಕು’ ಎಂದು ಒಬ್ಬರ ಹಿಂದೊಬ್ಬರು ಬರುತ್ತಾರೆ. ತಲಾಟಿಯ ಕೈಬರಹದ ಪಹಣಿ ಹೋಗಿ ಭೂಮಿ ಯೋಜನೆಯ ಕಂಪ್ಯೂಟರ್ ಪಹಣಿ ಬಂದದ್ದು 2000ದ ಸುಮಾರಿಗೆ. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗುತ್ತಿತ್ತು. ಈಗ ದಾಖಲೆ ಮನೆಯ ಪರದೆಗೇ ಬಂದಿದೆ, ಆದರೆ ಬ್ಯಾಂಕಿನ ಮೇಜಿನ ಮೇಲೆ ಇನ್ನೂ ಕಾಗದವೇ ಬೇಕು.

ಆ ಜುಲೈ ವಾರದಲ್ಲಿ ಪ್ರಿಂಟರ್ ಕೈಕೊಟ್ಟರೆ ಆಗುವ ನಷ್ಟ ಪುಟದ ಲೆಕ್ಕದಲ್ಲಿ ಕಾಣುವುದಿಲ್ಲ. ರಾಣೇಬೆನ್ನೂರಿಗೆ ಬಸ್ಸಿನ ಖರ್ಚು, ಹೋದ ದಿನದ ಕೂಲಿ, ತಪ್ಪಿದ ಗಡುವು. ಬೆಳೆವಿಮೆ ಮಾಡಿಸದೆ ಮೆಕ್ಕೆಜೋಳ ಒಣಗಿದರೆ ಆ ಮನೆಯ ವರ್ಷದ ಗತಿ ಏನು? ಹೀಗಾಗಿ ನನ್ನ ಮಟ್ಟಿಗೆ ಅತಿ ದುಬಾರಿ ಪುಟ ಎಂದರೆ ಬೇಕಾದ ಹೊತ್ತಿಗೆ ಹೊರಬಾರದ ಪುಟ. ಪ್ರಿಂಟರ್ ಆರಿಸುವಾಗಲೂ ಜೋಡಿಸುವಾಗಲೂ ನಾವು ಇದನ್ನೇ ಮುಂದಿಟ್ಟುಕೊಂಡೆವು.

ಪುಟದ ಖರ್ಚು ಮಾತ್ರ ನೋಡಿದರೆ ಇಂಕ್ ಟ್ಯಾಂಕ್ ಪ್ರಿಂಟರೇ ಗೆಲ್ಲುತ್ತದೆ. ಎಪ್ಸನ್ ಕಂಪನಿ 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲು ಮಾರಾಟಕ್ಕಿಟ್ಟ ಈ ಬಗೆ ಈಗ ನಮ್ಮ ಹಳ್ಳಿಹಳ್ಳಿಯ ಝೆರಾಕ್ಸ್ ಅಂಗಡಿಯಲ್ಲೂ ಇದೆ. ಸಾವಿರ ರೂಪಾಯಿಯ ಕಪ್ಪು ಬಾಟಲಿಯಿಂದ 6,000 ಪುಟ ಬಂದರೆ ಪುಟಕ್ಕೆ 17 ಪೈಸೆ. ಅದೇ 18,000ದ ಬಂಡವಾಳ ಎರಡು ವರ್ಷದೊಳಗೇ ಹುಟ್ಟುತ್ತದೆ. ದಿನಾ ಪ್ರಿಂಟ್ ಹಾಕುವವರು ಇದನ್ನೇ ತಗೊಳ್ಳಲಿ. ನಮ್ಮ ಮನೆಯ ರೀತಿ ಬೇರೆ. ಏಪ್ರಿಲ್-ಮೇ ತಿಂಗಳು ಶಾಲೆಗೆ ರಜೆ, ಟ್ಯೂಷನ್ ಇಲ್ಲ, ಸಂಘದ ಕೆಲಸವೂ ಕಡಿಮೆ. ಪ್ರಿಂಟರ್ ಸುಮ್ಮನೆ ಕೂರುವುದು ಸರಿಯಾಗಿ ಈ ಕಡೆಯ ಬಿಸಿಲು ಸುಡುವ ಕಾಲದಲ್ಲಿ. ಕೂದಲಿಗಿಂತ ಸಣ್ಣ ತೂತುಗಳಲ್ಲಿ ಇಂಕು ಒಣಗಿ ಕೂರುತ್ತದೆ. ಜೂನ್‌ನಲ್ಲಿ ಹಾಕಿದರೆ ಅಕ್ಷರದ ನಡುವೆ ಬಿಳಿ ಗೆರೆ. ತೊಳೆಯುವ ಆಜ್ಞೆ ಕೊಟ್ಟಷ್ಟೂ ಇಂಕು ಒಳಗಿನ ಸ್ಪಂಜಿಗೆ ಹೋಗುತ್ತದೆ, ಆ ಸ್ಪಂಜು ತುಂಬಿದರೆ ಅದಕ್ಕೂ ಖರ್ಚು. ಟೋನರ್ ಎಂಬುದು ಒಣ ಪುಡಿ, ಅದಕ್ಕೆ ಒಣಗುವ ಮಾತೇ ಇಲ್ಲ. ಎರಡು ತಿಂಗಳು ಬಿಟ್ಟು ಗುಂಡಿ ಒತ್ತಿದರೂ ಮೊದಲ ಹಾಳೆಯೇ ಕಪ್ಪಗೆ, ಸ್ವಚ್ಛ. ಪುಟಕ್ಕೆ ಒಂದೂಮುಕ್ಕಾಲು ರೂಪಾಯಿ ಹೆಚ್ಚು ಕೊಟ್ಟು ನಾವು ಲೇಸರ್ ಆರಿಸಿದ್ದು ಇದಕ್ಕೇ.

ಮೂರು-ನಾಲ್ಕು ಸಾವಿರಕ್ಕೆ ಸಿಗುವ ಸಣ್ಣ ಕಾರ್ಟ್ರಿಜ್‌ನ ಪ್ರಿಂಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 900 ರೂಪಾಯಿಯ ಕಾರ್ಟ್ರಿಜ್ 180 ಪುಟಕ್ಕೆ ಖಾಲಿಯಾದರೆ ಪುಟಕ್ಕೆ 5 ರೂಪಾಯಿ ಇಂಕಿಗೇ ಹೋಯಿತು. ಅಂಗಡಿಗೆ ಹೋಗುವುದೇ ಲೇಸು.

ಕೆಲಸಕ್ಕೆ ತಕ್ಕ ಯಂತ್ರ ಎಂಬುದನ್ನು ಬ್ಯಾಡಗಿಯಲ್ಲಿ ನೋಡಬೇಕು. ಹೆಂಡತಿಯ ತಮ್ಮ ಅಲ್ಲಿನ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅಲ್ಲಿ ಇವತ್ತಿಗೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಅನ್ನುತ್ತದೆ. ಅದರ ಸೂಜಿಗಳು ರಿಬ್ಬನ್ನಿನ ಮೇಲೆ ಬಡಿಯುವುದರಿಂದ ಒಂದೇ ಏಟಿಗೆ ಕಾರ್ಬನ್ನಿನ ಕೆಳಗಿನ ಪ್ರತಿಯೂ ಮೂಡುತ್ತದೆ, ರೈತನಿಗೊಂದು ಪಟ್ಟಿ, ಅಂಗಡಿಗೊಂದು ಪಟ್ಟಿ. ಲೇಸರ್‌ಗೂ ಇಂಕಿಗೂ ಇದು ಆಗದು. ಮೆಣಸಿನಕಾಯಿಯ ಕೆಂಪು ಧೂಳಿನಲ್ಲೂ ಅದು ನಡೆಯುತ್ತದೆ. ಹೊಸದೇ ಮೇಲು ಎಂದು ಆ ಅಂಗಡಿಯವರು ಬದಲಾಯಿಸಲು ಹೋಗಿಲ್ಲ. ಅವರದು ಗಟ್ಟಿ ವ್ಯವಹಾರಬುದ್ಧಿ.

ಇನ್ನು ಜೋಡಣೆ. ಇಂದು ಮಾರುವ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ವೈಫೈ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದುಕೊಂಡು ಬರುತ್ತವೆ. ನಮ್ಮದು ಹಳೇ ಮಾಳಿಗೆ ಮನೆ, ಕಲ್ಲು-ಮಣ್ಣಿನ ಗೋಡೆ ಎರಡಡಿಗೂ ದಪ್ಪ. ಇಂಟರ್‌ನೆಟ್ ಕೊಡುವ ಫೈಬರ್ ಡಬ್ಬಿ ಪಡಸಾಲೆಯಲ್ಲಿದೆ, ಪ್ರಿಂಟರ್ ಇರಬೇಕಾದದ್ದು ಒಳಕೋಣೆಯಲ್ಲಿ. ಬೇಸಿಗೆಗೆ ತಂಪು ಕೊಡುವ ಅದೇ ಗೋಡೆ ವೈಫೈಯನ್ನು ನುಂಗುತ್ತದೆ. ಸಿಗ್ನಲ್ ಇದ್ದೂ ಇಲ್ಲದಂತೆ ಇರುವಾಗ ಪ್ರಿಂಟ್ ಅರ್ಧಕ್ಕೆ ನಿಲ್ಲುತ್ತದೆ, ಕಂಪ್ಯೂಟರ್ ‘ಆಫ್‌ಲೈನ್’ ಎನ್ನುತ್ತದೆ.

ಅದಕ್ಕೆ ಉತ್ತರ ವೈರು. ಲೇಸರ್ ಪ್ರಿಂಟರಿಗೂ ಈ ನೆಟ್‌ವರ್ಕ್ ವೈರಿಗೂ ಹುಟ್ಟಿನಿಂದಲೇ ನಂಟಿದೆ. ಅಮೆರಿಕದ ಝೆರಾಕ್ಸ್ ಕಂಪನಿಯಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ರೂಪಿಸಿದರು. ಅದೇ ಕಂಪನಿಯ ಕ್ಯಾಲಿಫೋರ್ನಿಯಾದ ಸಂಶೋಧನಾಲಯದಲ್ಲಿ 1973ರಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ ಕಲ್ಪಿಸಿದರು. ಹಲವು ಕಂಪ್ಯೂಟರ್‌ಗಳನ್ನು ಆ ಒಂದು ಪ್ರಿಂಟರಿಗೆ ಕೂಡಿಸುವುದು ಅದರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಐವತ್ತು ವರ್ಷ ದಾಟಿದರೂ ಮನೆಮಟ್ಟಿಗೆ ಅದಕ್ಕಿಂತ ಭದ್ರವಾದ ದಾರಿ ನಾನು ಕಂಡಿಲ್ಲ.

ಕೊಳ್ಳುವಾಗ ಮಾಡೆಲ್ ಹೆಸರಿನ ಕೊನೆಯ ಅಕ್ಷರ ನೋಡಿ. ಅನೇಕ ಕಂಪನಿಗಳಲ್ಲಿ ‘ಎನ್’ ಎಂದರೆ ನೆಟ್‌ವರ್ಕ್ ವೈರಿನ ಪೋರ್ಟ್ ಇದೆ, ‘ಡಿ’ ಎಂದರೆ ತಾನಾಗಿ ಎರಡೂ ಬದಿ ಮುದ್ರಿಸುತ್ತದೆ, ‘ಡಬ್ಲ್ಯೂ’ ಎಂದರೆ ವೈಫೈ. ‘ಡಿಎನ್’ ಸಿಕ್ಕರೆ ಎರಡೂ ಸಿಕ್ಕಂತೆ. ಅಕ್ಷರವನ್ನೇ ನಂಬದೆ ಪ್ರಿಂಟರಿನ ಬೆನ್ನು ತಿರುಗಿಸಿ ನೋಡಿ. ಯುಎಸ್‌ಬಿ ತೂತು ಚೌಕ, ಫೋನಿನ ಹಳೇ ಜ್ಯಾಕ್‌ಗಿಂತ ಅಗಲವಾದ, ಒಳಗೆ ಎಂಟು ಹಿತ್ತಾಳೆ ಬಣ್ಣದ ಎಳೆ ಕಾಣುವ ತೂತೇ ನಮಗೆ ಬೇಕಾದದ್ದು. ಎರಡೂ ಬದಿ ಮುದ್ರಿಸುವ ಸೌಕರ್ಯ ನಮ್ಮ ಪ್ರಶ್ನೆಪತ್ರಿಕೆಯ ಹಾಳೆಯನ್ನು ಅರ್ಧಕ್ಕೆ ಇಳಿಸಿದೆ.

ವೈರು ಕ್ಯಾಟ್-6 ತಗೊಳ್ಳಿ, ಒಳಗಿನ ಎಳೆ ಪೂರ್ತಿ ತಾಮ್ರದ್ದಿರಲಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರು ಅಗ್ಗ, ಬಗ್ಗಿಸಿದಲ್ಲಿ ಮುರಿಯುತ್ತದೆ. ನೂರು ಮೀಟರ್ ತನಕ ಈ ವೈರು ಸಾಕು, ನಮ್ಮ ಹಳ್ಳಿಯ ಎಷ್ಟು ಉದ್ದದ ಮನೆಗೂ ಅದು ಹೆಚ್ಚೇ. ನಾವು ಪಡಸಾಲೆಯಿಂದ ತೊಲೆಯ ಗುಂಟ ಪ್ಲಾಸ್ಟಿಕ್ ಪಟ್ಟಿಯೊಳಗೆ ಎಳೆಸಿದೆವು. ಇಲಿಕಾಟಕ್ಕೆ ಪಟ್ಟಿ ಬೇಕೇ ಬೇಕು. ಕರೆಂಟಿನ ವೈರು ಹೋದ ಕೊಳವೆಯಲ್ಲಿ ಇದನ್ನು ತೂರಿಸಬಾರದು. ಎದುರು ಮನೆಯ ಅಣ್ಣ ತನಗೂ ಒಂದು ವೈರು ಓಣಿ ದಾಟಿಸಿ ಕೊಡು ಎಂದ. ಬೇಡ ಎಂದೆ. ಹೊಳೆ ದಂಡೆಯ ಊರು, ಮುಂಗಾರಿನ ಮೊದಲು ಗುಡುಗು-ಸಿಡಿಲು ಜೋರು, ಬಯಲಲ್ಲಿ ತೂಗಿದ ತಾಮ್ರದ ವೈರು ಸಿಡಿಲಿನ ಹೊಡೆತವನ್ನು ಎರಡೂ ಮನೆಯೊಳಗೆ ತರುತ್ತದೆ. ಫೈಬರ್‌ಗೆ ಆ ಭಯವಿಲ್ಲ, ತಾಮ್ರಕ್ಕಿದೆ. ವೈರು, ಪಟ್ಟಿ, ತುದಿಯ ಕ್ಲಿಪ್ಪು ಎಲ್ಲ ಸೇರಿ ಆದ ಖರ್ಚು ಒಂದು ಟೋನರಿನ ಕಾಲು ಭಾಗವೂ ಅಲ್ಲ.

ವೈರಿನ ಒಂದು ತುದಿ ಫೈಬರ್ ಡಬ್ಬಿಯ ‘ಲ್ಯಾನ್’ ಎಂದು ಬರೆದ ತೂತಿಗೆ, ಇನ್ನೊಂದು ಪ್ರಿಂಟರಿಗೆ. ಪಕ್ಕದ ಸಣ್ಣ ದೀಪ ಹೊತ್ತಿದರೆ ಕೂಡಿತು. ಇಲ್ಲಿಗೇ ಕೆಲಸ ಮುಗಿಯಿತು ಎಂದು ಬಿಡುವವರೇ ಹೆಚ್ಚು. ಮುಖ್ಯವಾದದ್ದು ಇನ್ನೂ ಇದೆ. ಡಬ್ಬಿಯು ಕೂಡಿಕೊಂಡ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಹಂಚುತ್ತದೆ, 192.168.1.20 ಎಂಬಂಥದ್ದು. ಕರೆಂಟ್ ಹೋಗಿ ಬಂದಾಗ ಎಲ್ಲವೂ ಹೊಸದಾಗಿ ಎದ್ದು ವಿಳಾಸ ಕೇಳುತ್ತವೆ, ಪ್ರಿಂಟರಿಗೆ ಬೇರೆ ಸಂಖ್ಯೆ ಸಿಗಬಹುದು. ಕಂಪ್ಯೂಟರ್ ಹಳೇ ವಿಳಾಸದಲ್ಲೇ ಬಾಗಿಲು ಬಡಿಯುತ್ತಿರುತ್ತದೆ. ಕರೆಂಟ್ ಹೋಗಿ ಬರುವುದು ಹಳ್ಳಿಯಲ್ಲಿ ದಿನದ ಮಾತು, ಹಾಗಾಗಿ ಈ ತೊಂದರೆಯೂ ಹಳ್ಳಿಯಲ್ಲೇ ಹೆಚ್ಚು.

ಪರಿಹಾರಕ್ಕೆ ದುಡ್ಡು ಬೇಡ. ಪ್ರಿಂಟರಿನ ಮೆನುವಿನಿಂದ ಅದರ ಸ್ಥಿತಿಯ ಪುಟವನ್ನು ಮುದ್ರಿಸಿದರೆ ಮ್ಯಾಕ್ ವಿಳಾಸ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಫೈಬರ್ ಡಬ್ಬಿಯ ಸೆಟ್ಟಿಂಗ್‌ನಲ್ಲಿ ಈ ಗುರುತಿನ ಯಂತ್ರಕ್ಕೆ ಯಾವಾಗಲೂ ಇದೇ ಸಂಖ್ಯೆ ಎಂದು ಕಾಯ್ದಿರಿಸಬೇಕು. ಇಂಟರ್‌ನೆಟ್ ಹಾಕಲು ಬಂದ ಹುಡುಗನಿಗೆ ಹೇಳಿದರೆ ಅವನೇ ಮಾಡಿಕೊಡುತ್ತಾನೆ. ಆಮೇಲೆ ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ತಾನೇ ಹುಡುಕಿ ತೋರಿಸಿದ್ದನ್ನು ಒಪ್ಪಿಕೊಳ್ಳದೆ, ‘ಟಿಸಿಪಿ/ಐಪಿ ವಿಳಾಸ’ದ ದಾರಿ ಆರಿಸಿ ಆ ಸಂಖ್ಯೆಯನ್ನೇ ಬರೆಯಬೇಕು. ಇದಾದ ಮೇಲೆ ನಮ್ಮಲ್ಲಿ ‘ಆಫ್‌ಲೈನ್’ ಎಂಬ ದೂರು ನಿಂತಿತು. ಅದೇ ಡಬ್ಬಿಯ ವೈಫೈ ಹಿಡಿದ ಮೊಬೈಲಿನಿಂದಲೂ ಪ್ರಿಂಟ್ ಹೋಗುತ್ತದೆ, ಪ್ರಿಂಟರ್ ಮಾತ್ರ ವೈರಿನಲ್ಲೇ ಇರುತ್ತದೆ.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಹೀಟರ್ ಒಮ್ಮೆಗೇ ಬಹಳ ಕರೆಂಟ್ ಎಳೆಯುತ್ತದೆ, ಸಣ್ಣ ಯುಪಿಎಸ್ ತಡೆಯುವುದಿಲ್ಲ. ಯುಪಿಎಸ್ ಕಂಪ್ಯೂಟರಿಗೆ ಮತ್ತು ಫೈಬರ್ ಡಬ್ಬಿಗೆ ಸಾಕು. ಮಳೆಗಾಲದಲ್ಲಿ ಹೊಳೆಯ ತೇವಕ್ಕೆ ಹಾಳೆ ಮೆತ್ತಗಾಗಿ ಸಿಕ್ಕಿಕೊಳ್ಳುತ್ತದೆ, ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಬಿಲ್ಲು ಕಟ್ಟುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಡಬ್ಬಿಯೊಳಗೆ ಬರುವ ಟೋನರ್ ಪೂರ್ತಿಯದೋ, ಅರೆಬರೆಯದೋ? ಹಲವು ಪ್ರಿಂಟರ್‌ಗಳಲ್ಲಿ ಅದು ಕೆಲವು ನೂರು ಪುಟಕ್ಕೆ ಮುಗಿಯುತ್ತದೆ. ರಿಫಿಲ್ ಆಗುತ್ತದೋ, ಇಲ್ಲ ಚಿಪ್ ಕೂರಿಸಿ ತಡೆದಿದ್ದಾರೋ? ರಿಪೇರಿ ರಾಣೇಬೆನ್ನೂರಿನಲ್ಲೇ ಆಗುತ್ತದೋ, ಹುಬ್ಬಳ್ಳಿಗೆ ಕಳಿಸಬೇಕೋ? ‘ಬಡ್ಡಿಯಿಲ್ಲದ ಕಂತು’ ಎಂದರೆ ರೊಕ್ಕ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದೂ ಕೇಳಿ. ಬಿಡುವ ಆ ಮೊತ್ತವೇ ಕಂತಿನ ಬಡ್ಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಟೋನರ್ ಪುಡಿಯನ್ನು ಹಾಳೆಗೆ ಇಳಿಸುವ ಡ್ರಮ್ ಬೇರೆಯಾಗಿ ಬರುವ ಪ್ರಿಂಟರಾದರೆ ನನ್ನ ಮೇಲಿನ ಲೆಕ್ಕಕ್ಕೆ ಅದನ್ನೂ ಕೂಡಿಸಿಕೊಳ್ಳಿ. 12,000 ಪುಟಕ್ಕೆ ಒಂದು ಡ್ರಮ್, ಅದಕ್ಕೆ 6,000 ರೂಪಾಯಿ ಎಂದರೆ ಪುಟಕ್ಕೆ ಇನ್ನೂ 50 ಪೈಸೆ. ಆಗ ಮೂರು ವರ್ಷಕ್ಕೆ ಹುಟ್ಟುವ ದುಡ್ಡು ನಾಲ್ಕು ವರ್ಷದ ಹತ್ತಿರ ಹೋಗುತ್ತದೆ. ತಿಂಗಳಿಗೆ 200 ಪುಟದಂತೆ ಡ್ರಮ್ ಐದು ವರ್ಷ ಬರುತ್ತದೆ. ಹೆಂಡತಿ ಟ್ಯೂಷನ್ ಫೀಸು ಬಂದ ಕೂಡಲೇ ತಿಂಗಳಿಗೆ 100 ರೂಪಾಯಿ ಅದಕ್ಕೆಂದೇ ಅಂಚೆ ಕಚೇರಿಯ ಖಾತೆಗೆ ಹಾಕುತ್ತಾಳೆ.